ಹಸ್ತಪ್ರತಿಗಳ ಛಾಯಾಪ್ರತಿ ಸಂಗ್ರಹಣೆ ಮತ್ತು ಡಿಸ್ಕುಗಳ ವೇಗಪರೀಕ್ಷೆ

ಗ್ರಂಥವೊಂದು ಒಂದೇ ಸ್ಥಳದಲ್ಲಿ ಉಳಿದಿರುವುದು ಎಷ್ಟು ಅಪಾಯಕರವೆಂಬುದಕ್ಕೆ ಧವಲ, ಜಯಧವಲ, ಮಹಾಧವಲಗಳ ಚರಿತ್ರೆಗಿಂತ ಬೇರೆ ನಿದರ್ಶನ ಬೇಕಾಗಿಲ್ಲ. ಹಳಗನ್ನಡ ಲಿಪಿಯ ಈ ತಾಡಪತ್ರಗಳು ಶತಮಾನಗಳ ಕಾಲ ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಮಾತ್ರ ಉಳಿದುಬಂದುವು. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲದ ಪ್ರಥಮ ಸಂಪುಟವು 1939ರಲ್ಲಿ ಪ್ರಕಟವಾದಾಗ ಅದಕ್ಕೆ ಆಧಾರವಾಗಿದ್ದುದು ಪ್ರತಿಯ ಪ್ರತಿಗಳು. ಮೂಡಬಿದಿರೆಯ ಓಲೆಗಳೊಡನೆ ಪಾಠವನ್ನು ತಾಳೆನೋಡುವ ಅವಕಾಶವು ಒದಗಿದ್ದು ಅನಂತರವೇ.

ಇಂದು ಓಲೆಗರಿಗಳ ಛಾಯಾಪ್ರತಿಗಳು ಗಣಕಯಂತ್ರದ ಡಿಸ್ಕುಗಳಲ್ಲಿ ಸಂಗ್ರಹವಾಗುತ್ತಿವೆ. ಇಲ್ಲಿಯೂ ಎದುರಾಗುವ ಪ್ರಶ್ನೆಗಳು ಎರಡೇ: ಎರಡನೆಯ ಪ್ರತಿಯನ್ನು ಎಷ್ಟು ಕಾಲದಲ್ಲಿ ಸಿದ್ಧಪಡಿಸಬಹುದು? ಹಾಗೆ ಸಿದ್ಧವಾದುದು ಮೂಲದಂತೆಯೇ ಇದೆಯೇ? ಮೊದಲನೆಯದಕ್ಕೆ ಉತ್ತರ ಹೇಳುವುದು ವೇಗಪರೀಕ್ಷೆ. ಆದರೆ ಈ ಪರೀಕ್ಷೆಯಲ್ಲಿ ದೊರೆಯುವ ಅಂಕಿಯು ಯಾವುದನ್ನು ಅಳೆದಿದೆಯೆಂಬುದನ್ನು ಅರಿಯದಿದ್ದರೆ ಅದು ಪ್ರಯೋಜನಕ್ಕಿಂತ ಹಾನಿಯನ್ನೇ ಹೆಚ್ಚಾಗಿ ಮಾಡುತ್ತದೆ.

ಮೊದಲು ಪ್ರಮಾಣವನ್ನು ಗಮನಿಸಬೇಕು. 8000 ಬಿಂದುಗಳ ಅಗಲ, 4000 ಬಿಂದುಗಳ ಎತ್ತರವುಳ್ಳ ವರ್ಣಚಿತ್ರದಲ್ಲಿ ಬಿಂದುವೊಂದಕ್ಕೆ 3 ಬೈಟ್‌ಗಳಾದರೆ, ಸಂಕೋಚಿಸದ ಚಿತ್ರವೊಂದಕ್ಕೆ 96 ಮೆಗಾಬೈಟ್ ಸ್ಥಳ ಬೇಕು. ಒಂದು ಕಟ್ಟಿನಲ್ಲಿ 150 ಗರಿಗಳಿದ್ದರೆ ಎರಡು ಮಗ್ಗುಲುಗಳೂ ಸೇರಿ 300 ಚಿತ್ರಗಳಾಗುತ್ತವೆ. ಅಂದರೆ ಸುಮಾರು 29 ಗಿಗಾಬೈಟ್. ಇಂತಹ 1000 ಕಟ್ಟುಗಳ ಭಂಡಾರಕ್ಕೆ 29 ಟೆರಾಬೈಟ್ ಆಗುತ್ತದೆ. ಸೆಕೆಂಡಿಗೆ 110 ಮೆಗಾಬೈಟ್ ವೇಗದಲ್ಲಿ ಇದನ್ನು ಪ್ರತಿಮಾಡಲು ಮೂರು ದಿನಗಳಿಗಿಂತ ಸ್ವಲ್ಪ ಹೆಚ್ಚು ಕಾಲ ಸಾಕು. 11 ಮೆಗಾಬೈಟ್ ವೇಗದಲ್ಲಾದರೆ ಒಂದು ತಿಂಗಳು ಬೇಕು. ಆ ತಿಂಗಳ ಉದ್ದಕ್ಕೂ ಪೂರ್ಣಪ್ರತಿ ಒಂದೇ ಇರುತ್ತದೆ.

ಈ ಅಂತರವು ಕಾಲ್ಪನಿಕವಲ್ಲ. ಗಿಗಾಬಿಟ್ ಜಾಲದ ಸಾಮರ್ಥ್ಯ ಸೆಕೆಂಡಿಗೆ 1000 ಮೆಗಾಬಿಟ್. 8 ಬಿಟ್‌ಗಳು ಒಂದು ಬೈಟ್ ಆದುದರಿಂದ ಇದು 125 ಮೆಗಾಬೈಟ್. ಪ್ರೇಷಣದ ಸ್ವಂತ ಹೊರೆಯನ್ನು ಕಳೆದರೆ 110ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಹಳೆಯ ಸ್ವಿಚ್ ಒಂದು ದಾರಿಯಲ್ಲಿ ಉಳಿದಿದ್ದರೆ ಅಥವಾ ತಂತಿಯ ಒಂದು ಎಳೆ ಕೆಟ್ಟಿದ್ದರೆ ಸಂಪರ್ಕವು 100 ಮೆಗಾಬಿಟ್‌ಗೆ ಇಳಿದು, ವೇಗವು ಹತ್ತನೆಯ ಒಂದು ಭಾಗವಾಗುತ್ತದೆ. ಸ್ಥಳೀಯ ಡಿಸ್ಕಿನ ಮಿತಿಗಳು ಬೇರೆ. ತಿರುಗುವ ಡಿಸ್ಕು ದೊಡ್ಡ ಕಡತವನ್ನು ಸೆಕೆಂಡಿಗೆ 150ರಿಂದ 250 ಮೆಗಾಬೈಟ್‌ನಂತೆ ಓದಬಲ್ಲುದು. ಸಾಟಾ ಸಂಪರ್ಕದ ಘನಸ್ಥಿತಿ ಡಿಸ್ಕಿನಲ್ಲಿ ಇದು 550ರವರೆಗೂ ಏರುತ್ತದೆ. ಆದಕಾರಣ ಜಾಲದ ಮೂಲಕ 110 ದೊರೆತರೆ ದೋಷವು ಡಿಸ್ಕಿನದಲ್ಲ. ಅದು ಜಾಲದ ಸಹಜ ಎಲ್ಲೆ.

ಪರೀಕ್ಷೆಯನ್ನು ತಪ್ಪುದಾರಿಗೆಳೆಯುವ ಕಾರಣಗಳಲ್ಲಿ ಮುಖ್ಯವಾದುದು ಗಣಕಯಂತ್ರದ ಸ್ಮೃತಿ. ಬರೆಯಲು ಕೊಟ್ಟ ದತ್ತಾಂಶವನ್ನು ಯಂತ್ರವು ಮೊದಲು ಸ್ಮೃತಿಯಲ್ಲಿ ಇರಿಸಿಕೊಂಡು, ಕೆಲಸ ಮುಗಿಯಿತೆಂದು ತಿಳಿಸಿ, ಬಳಿಕ ನಿಧಾನವಾಗಿ ಡಿಸ್ಕಿಗೆ ಸಾಗಿಸುತ್ತದೆ. ಆಗ ಅಳತೆಗೆ ಸಿಕ್ಕುವುದು ಸ್ಮೃತಿಯ ವೇಗವೇ ಹೊರತು ಡಿಸ್ಕಿನದಲ್ಲ. ಲಿನಕ್ಸ್ ವ್ಯವಸ್ಥೆಯ ಡಿಡಿ ಆಜ್ಞೆಯಲ್ಲಿ, ದತ್ತಾಂಶವೆಲ್ಲವೂ ಡಿಸ್ಕನ್ನು ಸೇರಿದ ಮೇಲೆಯೇ ಕಾಲಗಣನೆಯನ್ನು ನಿಲ್ಲಿಸುವ ವಿಕಲ್ಪವಿದೆ, ಅದನ್ನು ಬಿಡಬಾರದು. ಓದುವಾಗಲೂ ಹೀಗೆಯೇ: ಈಗತಾನೆ ಬರೆದ ಕಡತವನ್ನು ಮರಳಿ ಓದಿದರೆ ಅದು ಸ್ಮೃತಿಯಿಂದಲೇ ಬರುತ್ತದೆ. ಜಾಲದ ಸಂಗ್ರಹದಲ್ಲಿ ಸರ್ವರಿಗೂ ತನ್ನದೇ ಆದ ಸ್ಮೃತಿಯಿರುವುದರಿಂದ, ಪರೀಕ್ಷೆಯ ಕಡತವು ಎರಡೂ ಯಂತ್ರಗಳ ಸ್ಮೃತಿಗಿಂತ ದೊಡ್ಡದಾಗಿರಬೇಕು.

ಎರಡನೆಯದಾಗಿ, ಬರೀ ಸೊನ್ನೆಗಳಿಂದ ಕೂಡಿದ ಕಡತವನ್ನು ಬರೆದು ಪರೀಕ್ಷಿಸುವ ವಾಡಿಕೆಯಿದೆ. ದತ್ತಾಂಶವನ್ನು ಸಂಕೋಚಿಸುವ ವ್ಯವಸ್ಥೆಗಳಲ್ಲಿ ಸೊನ್ನೆಗಳು ಸ್ಥಳವನ್ನೇ ಹಿಡಿಯುವುದಿಲ್ಲ. ವೇಗವು ಅಸಂಭವವೆನ್ನುವಷ್ಟು ಏರುತ್ತದೆ. ಭಂಡಾರದ ನಿಜವಾದ ಚಿತ್ರಗಳನ್ನೇ ಬಳಸುವುದು ಲೇಸು. ಮೂರನೆಯದಾಗಿ, ಅನೇಕ ಘನಸ್ಥಿತಿ ಡಿಸ್ಕುಗಳು ಮೊದಲ ಕೆಲವು ಗಿಗಾಬೈಟ್‌ಗಳನ್ನು ಶೀಘ್ರವಾಗಿ ಬರೆದು, ಆ ವೇಗದ ಭಾಗವು ತುಂಬಿದೊಡನೆ ನಿಧಾನವಾಗುತ್ತವೆ. ಅಲ್ಪಕಾಲದ ಪರೀಕ್ಷೆಯು ಇದನ್ನು ಕಾಣದು.

ಕಡತಗಳ ಗಾತ್ರವನ್ನೂ ಮರೆಯಬಾರದು. ನಿಮಿಷಕ್ಕೆ 7200 ಬಾರಿ ತಿರುಗುವ ಡಿಸ್ಕಿನಲ್ಲಿ ಬೇಕಾದ ಭಾಗವು ಓದುಗಡ್ಡಿಯ ಕೆಳಗೆ ಬರಲು ಸರಾಸರಿ 4 ಮಿಲಿಸೆಕೆಂಡುಗಳಿಗಿಂತ ಹೆಚ್ಚು ಕಾಲ ಹಿಡಿಯುತ್ತದೆ. ಓದುಗಡ್ಡಿಯು ಚಲಿಸುವ ಕಾಲ ಬೇರೆ. ಜಾಲದಲ್ಲಿಯಾದರೋ ಪ್ರತಿಯೊಂದು ಕಡತಕ್ಕೂ ತೆರೆಯುವ, ಬರೆಯುವ, ಮುಚ್ಚುವ ಸಂದೇಶಗಳು ಹೋಗಿಬರಬೇಕು. ಆದುದರಿಂದ ದೊಡ್ಡ ಚಿತ್ರಗಳನ್ನು ಚೆನ್ನಾಗಿ ಸಾಗಿಸುವ ಸಂಗ್ರಹವೇ, ಪಾಠದ ಸಹಸ್ರಾರು ಸಣ್ಣ ಕಡತಗಳ ಮುಂದೆ ಮುಗ್ಗರಿಸಬಹುದು. ಎರಡನ್ನೂ ಪ್ರತ್ಯೇಕವಾಗಿ ಅಳೆಯಬೇಕು. ಇದಕ್ಕೆ ಎಫ್‌ಐಒ ಎಂಬ ಸಾಧನವು ಉಪಯುಕ್ತ.

ಪರೀಕ್ಷೆಗೆ ಒಂದು ಕ್ರಮವಿರಬೇಕು. ಸರ್ವರಿನಲ್ಲಿಯೇ ಕುಳಿತು ಅದರ ಡಿಸ್ಕನ್ನು ಅಳೆಯುವುದು ಮೊದಲನೆಯ ಹೆಜ್ಜೆ. ಐಪರ್ಫ್ ಸಾಧನದಿಂದ ಡಿಸ್ಕಿನ ಸಂಬಂಧವಿಲ್ಲದೆ ಜಾಲವನ್ನು ಮಾತ್ರ ಅಳೆಯುವುದು ಎರಡನೆಯದು. ಕೊನೆಯಲ್ಲಿ ಜಾಲದ ಮೂಲಕ ಡಿಸ್ಕಿಗೆ ಬರೆದು ನೋಡಬೇಕು. ಮೂರನೆಯ ಅಂಕಿಯು ಮೊದಲೆರಡರಲ್ಲಿ ಚಿಕ್ಕದಕ್ಕೆ ಸಮೀಪವಾಗಿದ್ದರೆ ವ್ಯವಸ್ಥೆಯು ಸರಿಯಾಗಿದೆ. ಬಹಳ ಕಡಮೆಯಾಗಿದ್ದರೆ ಕಡತಗಳನ್ನು ಹಂಚುವ ವಿಧಾನದಲ್ಲಿ ಕಾರಣವನ್ನು ಹುಡುಕಬೇಕು. ಪ್ರತಿಯೊಂದನ್ನೂ ಕನಿಷ್ಠ ಮೂರು ಸಲ, ಇತರರು ಜಾಲವನ್ನು ಬಳಸದ ವೇಳೆಯಲ್ಲಿ ನಡೆಸುವುದು ಯುಕ್ತ.

ವೇಗವು ಪ್ರತಿಯ ಶುದ್ಧಿಗೆ ಪ್ರಮಾಣವಲ್ಲ. ಬರೆದು ಮುಗಿಸಿದ ಬಳಿಕ ಡಿಸ್ಕಿನಿಂದಲೇ ಮರಳಿ ಓದಿ, ಎಸ್‌ಎಚ್‌ಎ-256ರಂತಹ ಗಣಿತಮುದ್ರೆಯನ್ನು ಮೂಲದ ಮುದ್ರೆಯೊಡನೆ ತಾಳೆನೋಡಬೇಕು. ಒಂದು ಬಿಟ್ ಬದಲಾದರೂ ಮುದ್ರೆಯು ಭಿನ್ನವಾಗುತ್ತದೆ. ಈ ಓದಿಗೂ ಬರವಣಿಗೆಯಷ್ಟೇ ಕಾಲವು ಬೇಕಾಗಬಹುದಾದುದರಿಂದ, ಯೋಜನೆಯಲ್ಲಿ ಮೂರು ದಿನಗಳೆಂದು ಎಣಿಸಿದ ಕಾರ್ಯಕ್ಕೆ ಆರು ದಿನಗಳನ್ನು ಮೀಸಲಿಡಬೇಕಾಗುತ್ತದೆ.

ಹಸ್ತಪ್ರತಿಯ ವಿವರಣೆಯಲ್ಲಿ ಗರಿಗಳ ಸಂಖ್ಯೆ, ಉದ್ದಗಲ, ಪಂಕ್ತಿಗಳು, ಲಿಪಿ ಮುಂತಾದುವನ್ನು ದಾಖಲಿಸುವಂತೆಯೇ, ಪರೀಕ್ಷೆಯ ದಿನಾಂಕ, ಡಿಸ್ಕಿನ ಜಾತಿ, ಕಡತದ ಗಾತ್ರ, ಸ್ಮೃತಿಯ ಪ್ರಮಾಣ, ಜಾಲದ ಸಾಮರ್ಥ್ಯಗಳನ್ನು ಅಂಕಿಯ ಜೊತೆಯಲ್ಲಿ ಬರೆದಿಡುವುದು ಅವಶ್ಯಕ. ಆಗ ಮುಂದಿನ ವರ್ಷ ವೇಗವು ಕುಗ್ಗಿದರೆ, ಡಿಸ್ಕು ಕೆಡುವ ಮೊದಲೇ ಅದನ್ನು ಗುರುತಿಸಿ ಬದಲಾಯಿಸಲು ಸಾಧ್ಯವಾದೀತು.