ನಿಂತಲ್ಲೇ ಬರಿದಾಗುವ ಬ್ಯಾಟರಿ

ಕಳಸದಿಂದ ಕೆಲವೇ ಕಿಲೋಮೀಟರ್ ಆಚೆ, ಕಾಫಿ ತೋಟದ ನಡುವಿನ ಒಂದು ಅಂಗಳ. ಜನವರಿಯ ಭಾನುವಾರ ಬೆಳಗ್ಗೆ ಏಳು ಗಂಟೆ. ಮಂಜು ಇನ್ನೂ ಕರಗಿರಲಿಲ್ಲ. ಹೊರನಾಡಿಗೆ ಹೋಗಿ ಅನ್ನಪೂರ್ಣೇಶ್ವರಿಯ ದರ್ಶನ ಮುಗಿಸಿ ಊಟವೂ ಅಲ್ಲೇ ಎಂದು ಹೆಂಗಸರು ತಯಾರಾಗಿ ಕುಳಿತಿದ್ದರು. ನನ್ನ ಷಡ್ಡಕರು ಚಾಲಕನ ಸೀಟಿಗೆ ಹತ್ತಿ ಕೀಲಿ ತಿರುಗಿಸಿದರು. ‘ಟಕ್’ ಎಂದಿತು. ಮತ್ತೆ ತಿರುಗಿಸಿದರು. ‘ಟಕ ಟಕ ಟಕ’. ಅಷ್ಟೇ.

ನಿವೃತ್ತಿಯ ಹಣದಲ್ಲಿ ಒಂದು ಹಳೆಯ ಡೀಸೆಲ್ ವ್ಯಾನು ಕೊಂಡು, ಒಳಗೆ ಮಲಗಲು ಹಲಗೆ, ಒಲೆ, ನೀರಿನ ಟ್ಯಾಂಕು, ದೀಪಗಳನ್ನು ಕೂಡಿಸಿ ಅದನ್ನು ಮನೆಯಂತೆ ಮಾಡಿಕೊಂಡವರು ಅವರು. ‘ಕ್ಯಾಂಪರ್ ವ್ಯಾನ್’ ಎಂದು ಕರೆಯಬೇಕೆಂಬುದು ಅವರ ಆಗ್ರಹ. ಶುಕ್ರವಾರ ಸಂಜೆ ಐದಕ್ಕೆ ಬಂದು ನಿಲ್ಲಿಸಿದ ಮೇಲೆ ಗಾಡಿ ಕದಲಿರಲಿಲ್ಲ.

“ಬ್ಯಾಟರಿ ಇಳಿದಿದೆ” ಎಂದೆ.

“ಅದು ಹೇಗೆ ಸಾಧ್ಯ ಭಾವ? ಒಳಗೆ ದೀಪ ಉರೀತಾ ಇದೆ, ನೋಡಿ. ನಿಮ್ಮ ಮೊಬೈಲು ಚಾರ್ಜ್ ಆಗಿದ್ದೂ ಅದರಲ್ಲೇ. ಸ್ಟಾರ್ಟರ್ ಮೋಟಾರೇ ಹೋಗಿದೆ.”

ಮೋಟಾರು ಹೋಗಿದ್ದರೆ ಗಾಡಿಯನ್ನು ಎಳೆಸಿಕೊಂಡೇ ಹೋಗಬೇಕು. ಅಲ್ಲಿ ಮೊಬೈಲ್ ಸಿಗ್ನಲ್ ಇಲ್ಲ, ಭಾನುವಾರ ಬೇರೆ. ಇದಕ್ಕಿಂತ ದೊಡ್ಡ ಚಿಂತೆ ಅತ್ತೆಯವರದು. ಅವರಿಗೆ ದಿನಕ್ಕೆರಡು ಸಲ ಇನ್ಸುಲಿನ್. ಹದಿನೈದು ದಿನದ ಪ್ರವಾಸಕ್ಕೆಂದು ತಂದ ಬಾಟಲಿಗಳೆಲ್ಲ ಗಾಡಿಯ ಪುಟ್ಟ ಫ್ರಿಜ್ಜಿನಲ್ಲಿದ್ದವು. ಆ ಫ್ರಿಜ್ಜು ಮಾತ್ರ ಇಷ್ಟೆಲ್ಲ ಗಲಾಟೆಯ ನಡುವೆಯೂ ಸಣ್ಣಗೆ ಗುಂಯ್‌ಗುಡುತ್ತಲೇ ಇತ್ತು.

ಹೆಡ್‌ಲೈಟ್ ಹಾಕಿ ಕೀಲಿ ತಿರುಗಿಸಲು ಹೇಳಿ ನಾನು ಗಾಡಿಯ ಮುಂದೆ ನಿಂತೆ. ಮೊದಲೇ ಹಳದಿಯಾಗಿದ್ದ ಬೆಳಕು ಚಿಮಣಿ ಬುಡ್ಡಿಯಂತೆ ಕೆಂಪಾಗಿ ಸತ್ತೇಹೋಯಿತು. ಹಾರ್ನ್ ಒತ್ತಿದರೆ ಗಂಟಲು ಕಟ್ಟಿದ ಕಪ್ಪೆಯ ಸ್ವರ. ಒಳಗಿನ ದೀಪಗಳು ಮಾತ್ರ ಮೊದಲಿನಷ್ಟೇ ಪ್ರಕಾಶಮಾನ!

ಗುಟ್ಟು ಇಷ್ಟೇ. ಗಾಡಿಯಲ್ಲಿ ಎರಡು ಬ್ಯಾಟರಿಗಳು. ಒಂದು, ಎಂಜಿನ್ನನ್ನು ಚಾಲೂ ಮಾಡುವ ಮೂಲ ಬ್ಯಾಟರಿ. ಇನ್ನೊಂದು, ಸೀಟಿನ ಕೆಳಗೆ ಆಮೇಲೆ ಕೂಡಿಸಿದ ‘ಮನೆ ಬ್ಯಾಟರಿ’. ದೀಪ, ನೀರಿನ ಪಂಪು, ಮೊಬೈಲ್ ಚಾರ್ಜರ್ ಎಲ್ಲ ಅದರದ್ದು. ಎಂಜಿನ್ ಓಡುವಾಗ ಒಂದು ರಿಲೇ ಎರಡನ್ನೂ ಜೋಡಿಸಿ ಚಾರ್ಜ್ ಮಾಡಿಸುತ್ತದೆ, ಎಂಜಿನ್ ನಿಂತರೆ ಬೇರ್ಪಡಿಸುತ್ತದೆ. ವ್ಯವಸ್ಥೆ ಚೆನ್ನಾಗಿಯೇ ಇತ್ತು. ಆದರೆ ಫ್ರಿಜ್ಜು ಕೊಂಡದ್ದು ಹೊರಡುವ ಮುನ್ನಾ ದಿನ. ಅದರ ತಂತಿಯನ್ನು ಷಡ್ಡಕರು ಡ್ಯಾಶ್‌ಬೋರ್ಡಿನ ಸಿಗರೇಟ್ ಲೈಟರ್ ಸಾಕೆಟ್ಟಿಗೆ ಸಿಕ್ಕಿಸಿದ್ದರು. ಕೆಲವು ವಾಹನಗಳಲ್ಲಿ ಕೀಲಿ ತೆಗೆದೊಡನೆ ಆ ಸಾಕೆಟ್ಟಿಗೆ ವಿದ್ಯುತ್ ನಿಲ್ಲುತ್ತದೆ, ಕೆಲವದರಲ್ಲಿ ಇಲ್ಲ. ಈ ವ್ಯಾನು ಎರಡನೆಯ ಜಾತಿಯದು. ಸಾಕೆಟ್ಟು ಸೇರುವುದು ಮೂಲ ಬ್ಯಾಟರಿಯನ್ನೇ.

ಲೆಕ್ಕ ಹಾಕೋಣ

ಅಂತಹ ಫ್ರಿಜ್ಜಿನ ಕಂಪ್ರೆಸರ್ ಓಡುವಾಗ ಸುಮಾರು 4 ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆ. ಅದು ಸದಾ ಓಡುವುದಿಲ್ಲವಾದ್ದರಿಂದ ಸರಾಸರಿ ಒಂದೂವರೆ ಆಂಪಿಯರ್ ಎನ್ನೋಣ. ಶುಕ್ರವಾರ ಸಂಜೆ ಐದರಿಂದ ಭಾನುವಾರ ಬೆಳಗಿನ ಏಳರವರೆಗೆ 38 ಗಂಟೆ. ಒಂದೂವರೆಯನ್ನು 38ರಿಂದ ಗುಣಿಸಿದರೆ 57 ಆಂಪಿಯರ್-ಗಂಟೆ. ಬ್ಯಾಟರಿಯ ಮೇಲೆ ಬರೆದಿದ್ದ ಸಾಮರ್ಥ್ಯ 65! ಫ್ರಿಜ್ಜಿನಲ್ಲಿ ಬ್ಯಾಟರಿಯನ್ನು ಕಾಯುವ ಒಂದು ಗುಂಡಿಯೂ ಇತ್ತು. ವೋಲ್ಟೇಜ್ ಇಳಿದರೆ ತಾನಾಗಿ ನಿಲ್ಲಲೆಂದು. ಹೆಚ್ಚು ಹೊತ್ತು ತಂಪಿರಲಿ ಎಂದು ಅದನ್ನು ‘ಲೋ’ಗೆ ಇಟ್ಟಿದ್ದರು. ಅಂದರೆ ಬ್ಯಾಟರಿ ಪೂರ್ತಿ ಬಸವಳಿಯುವವರೆಗೂ ಫ್ರಿಜ್ಜು ಬಿಡುವುದಿಲ್ಲ.

ಈಗ ಇನ್ನೊಂದು ಲೆಕ್ಕ. ಡೀಸೆಲ್ ವ್ಯಾನಿನ ಸ್ಟಾರ್ಟರ್ ಮೋಟಾರು 200 ಆಂಪಿಯರ್ ಎಳೆಯುತ್ತದೆ, ಎಂಜಿನ್ ಹತ್ತಿಕೊಳ್ಳಲು ಮೂರು ಸೆಕೆಂಡು ಬೇಕು ಎಂದುಕೊಳ್ಳಿ. ಒಂದು ಗಂಟೆಗೆ 3600 ಸೆಕೆಂಡು. ಒಂದು ಸಲ ಸ್ಟಾರ್ಟ್ ಮಾಡಲು ಖರ್ಚಾಗುವುದು ಒಂದು ಆಂಪಿಯರ್-ಗಂಟೆಯ ಆರನೇ ಒಂದು ಭಾಗ ಮಾತ್ರ! ಫ್ರಿಜ್ಜು ಕುಡಿದುಬಿಟ್ಟ ವಿದ್ಯುತ್ತಿನಲ್ಲಿ ಆ ಎಂಜಿನ್ನನ್ನು ಮುನ್ನೂರಕ್ಕೂ ಹೆಚ್ಚು ಸಲ ಚಾಲೂ ಮಾಡಬಹುದಿತ್ತು.

ಹಾಗಾದರೆ ಉಳಿದ ಎಂಟು ಆಂಪಿಯರ್-ಗಂಟೆಯಲ್ಲಿ ಒಂದೇ ಒಂದು ಸಲವೂ ಏಕೆ ಆಗಲಿಲ್ಲ? ಒಂಬತ್ತನೇ ತರಗತಿಯಲ್ಲಿ ಕೇಳಿದರೂ ಮಕ್ಕಳು ತಡವರಿಸುವ ಪ್ರಶ್ನೆ ಇದು. ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಎಂಬುದು ಒಂದು ಮಾತು, ಅದನ್ನು ಎಷ್ಟು ವೇಗವಾಗಿ ಕೊಡಬಲ್ಲದು ಎಂಬುದು ಇನ್ನೊಂದು. ಇನ್ನೂರು ಆಂಪಿಯರ್, ಹತ್ತು ವೋಲ್ಟ್ ಎಂದರೆ 2000 ವಾಟ್. ಎರಡೂವರೆ ಅಶ್ವಶಕ್ತಿಗೂ ಮೇಲೆ. ತೋಟದ ಒಂದು ಪಂಪ್‌ಸೆಟ್ಟನ್ನು ಮೂರು ಸೆಕೆಂಡು ಓಡಿಸಿದಂತೆ.

ಈ ಅಬ್ಬರಕ್ಕೆ ಅಡ್ಡ ಬರುವುದು ಬ್ಯಾಟರಿಯ ಒಳಗಿನ ರೋಧ. ಬ್ಯಾಟರಿಯಲ್ಲಿ ಇರುವುದು ಸೀಸದ ಫಲಕ, ಸೀಸದ ಡೈಆಕ್ಸೈಡ್ ಮೆತ್ತಿದ ಫಲಕ, ಇವು ಮುಳುಗಿರುವ ಸಾರರಿಕ್ತ ಗಂಧಕಾಮ್ಲ. 1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಕಂಡುಹಿಡಿದ ಏರ್ಪಾಡು ಮೂಲತಃ ಇಂದಿಗೂ ಅದೇ. ವಿದ್ಯುತ್ ಹೊರಬಂದಂತೆ ಎರಡು ಬಗೆಯ ಫಲಕಗಳ ಮೇಲೂ ಸೀಸದ ಸಲ್ಫೇಟ್ ಕೂಡುತ್ತದೆ, ಆಮ್ಲ ಕಡಿಮೆಯಾಗಿ ನೀರು ಹೆಚ್ಚುತ್ತದೆ. ಸಲ್ಫೇಟಿನಲ್ಲಿ ವಿದ್ಯುತ್ ಸರಾಗವಾಗಿ ಹರಿಯದು, ತೆಳುವಾದ ಆಮ್ಲದಲ್ಲೂ ಅಷ್ಟೇ. ತುಂಬಿದ ಬ್ಯಾಟರಿಯ ಒಳರೋಧ ಒಂದು ಓಮಿನ ನೂರನೇ ಒಂದು ಭಾಗವಿದ್ದರೆ 200 ಆಂಪಿಯರಿಗೆ ಕಳೆದುಕೊಳ್ಳುವುದು 2 ವೋಲ್ಟ್. ಅದು ನಾಲ್ಕು ಪಟ್ಟಾದರೆ 8 ವೋಲ್ಟ್ ಒಳಗೇ ನುಂಗಿಹೋಗಿ ಮೋಟಾರಿಗೆ ದಕ್ಕುವುದು ಮೂರು ಚಿಲ್ಲರೆ! ಫ್ರಿಜ್ಜಿನ 4 ಆಂಪಿಯರಿಗೋ, ನಷ್ಟ ಒಂದು ವೋಲ್ಟಿನ ಆರನೇ ಒಂದು ಭಾಗವೂ ಆಗದು. ಕೊಡದಲ್ಲಿ ನೀರಿದೆ, ಬಾಯಿಗೆ ಬಟ್ಟೆ ಕಟ್ಟಿದೆ. ತೊಟ್ಟಿಕ್ಕುತ್ತದೆ, ಸುರಿಯುವುದಿಲ್ಲ. ಆ ‘ಟಕ ಟಕ’ ಸದ್ದಿನ ಮೂಲವೂ ಇದೇ. ಸ್ಟಾರ್ಟರಿನ ಸೊಲೆನಾಯ್ಡ್ ಎಳೆದುಕೊಂಡು ಮೋಟಾರಿಗೆ ವಿದ್ಯುತ್ ಕೊಟ್ಟೊಡನೆ ವೋಲ್ಟೇಜ್ ಕುಸಿದು ಅದರ ಹಿಡಿತ ತಪ್ಪುತ್ತದೆ. ಬಿಟ್ಟೊಡನೆ ವೋಲ್ಟೇಜ್ ಏರಿ ಮತ್ತೆ ಎಳೆದುಕೊಳ್ಳುತ್ತದೆ.

ವಾಹನದ ಬ್ಯಾಟರಿಯೂ ಮನೆಯ ಇನ್ವರ್ಟರ್ ಬ್ಯಾಟರಿಯೂ ನೋಡಲು ಅಣ್ಣತಮ್ಮಂದಿರಂತಿದ್ದರೂ ಗುಣ ಬೇರೆ. ವಾಹನದ್ದರಲ್ಲಿ ಫಲಕಗಳು ತೆಳು, ಸಂಖ್ಯೆ ಹೆಚ್ಚು. ಮೇಲ್ಮೈ ವಿಸ್ತಾರವಾದಷ್ಟೂ ಒಮ್ಮೆಗೇ ಹೆಚ್ಚು ಪ್ರವಾಹ. ಇನ್ವರ್ಟರಿನ ಟ್ಯೂಬುಲರ್ ಬ್ಯಾಟರಿಯ ಫಲಕಗಳು ದಪ್ಪ, ನಿಧಾನವಾಗಿ ಬಹಳ ಹೊತ್ತು ಕೊಡಲು. ತೆಳು ಫಲಕಗಳನ್ನು ಪೂರ್ತಿ ಬರಿದು ಮಾಡಿದರೆ ಸಲ್ಫೇಟ್ ಉಬ್ಬಿ ಮೆತ್ತಿದ ವಸ್ತು ಉದುರತೊಡಗುತ್ತದೆ. ಬರಿದಾದದ್ದನ್ನು ಹಾಗೇ ಬಿಟ್ಟರೆ ಮೊದಲು ಮೃದುವಾಗಿದ್ದ ಸಲ್ಫೇಟ್ ಹರಳುಗಟ್ಟಿ ಗಡುಸಾಗುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಅದು ಪೂರ್ತಿ ಕರಗದು.

ನಲವತ್ತು ದಿನದ ಪಾಠ

ಫ್ರಿಜ್ಜು ಇಲ್ಲದವರು ಸಮಾಧಾನಪಡುವಂತಿಲ್ಲ. 2020ರ ಮಾರ್ಚ್ 25ರಿಂದ ಮೇ 3ರವರೆಗಿನ ಲಾಕ್‌ಡೌನಿನಲ್ಲಿ ಮನೆ ಮುಂದೆ ಸುಮ್ಮನೆ ನಿಂತಿದ್ದ ಎಷ್ಟು ಕಾರುಗಳು ಮೌನ ತಾಳಿದವು ನೆನಪಿದೆಯಲ್ಲವೇ? ದೀಪ ಹಾಕಿರಲಿಲ್ಲ, ರೇಡಿಯೋ ಹಾಕಿರಲಿಲ್ಲ, ಬಾಗಿಲೂ ತೆರೆದಿರಲಿಲ್ಲ.

ಹಳೆಯ ಅಂಬಾಸಿಡರಿನಲ್ಲಿ ಕೀಲಿ ತೆಗೆದರೆ ಬಹುತೇಕ ಎಲ್ಲವೂ ನಿದ್ರೆ. ಬ್ಯಾಟರಿ ಕೈಕೊಟ್ಟರೂ ಮುಂದಿನಿಂದ ಹ್ಯಾಂಡಲ್ ತೂರಿಸಿ ತಿರುಗಿಸಬಹುದಿತ್ತು. (ಕೈ ಮುರಿಸುವ ಈ ಹ್ಯಾಂಡಲಿನ ಕಾಟ ತಪ್ಪಿಸಿದ್ದು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಅವನ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂತು.) ಇಂದಿನ ಕಾರಿಗೆ ಪೂರ್ಣ ನಿದ್ರೆಯಿಲ್ಲ. ಗಡಿಯಾರ, ಕಳ್ಳರ ಗಂಟೆ, ರಿಮೋಟ್ ಕೀಲಿಗಾಗಿ ಕಾದಿರುವ ರೇಡಿಯೋ, ಎಂಜಿನ್ನಿನ ಗಣಕದ ನೆನಪು, ಇವೆಲ್ಲ ಸೇರಿ 20ರಿಂದ 50 ಮಿಲಿಆಂಪಿಯರ್ ಸದಾ ಕುಡಿಯುತ್ತಿರುತ್ತವೆ. ಇದು ದೋಷವಲ್ಲ, ಹಾಗೆಯೇ ಮಾಡಿದ್ದು. 40 ಮಿಲಿಆಂಪಿಯರ್ ಎಂದರೆ ದಿನಕ್ಕೆ ಹತ್ತಿರಹತ್ತಿರ ಒಂದು ಆಂಪಿಯರ್-ಗಂಟೆ. ಲಾಕ್‌ಡೌನಿನ ನಲವತ್ತು ದಿನಕ್ಕೆ 38. ಸಣ್ಣ ಕಾರಿನ ಬ್ಯಾಟರಿ 35! ಇದರ ಮೇಲೆ ಬ್ಯಾಟರಿ ತನ್ನೊಳಗೇ ಕಳೆದುಕೊಳ್ಳುವುದು ಬೇರೆ. ಬಿಸಿಲು ಕಾಲದಲ್ಲಿ ಅದೂ ಹೆಚ್ಚು.

ನಮ್ಮ ಬೀದಿಯವರೊಬ್ಬರು ಆಗ ದಿನವೂ ಬೆಳಗ್ಗೆ ಕಾರು ಚಾಲೂ ಮಾಡಿ, ಎರಡು ನಿಮಿಷ ಬಿಟ್ಟು ಆರಿಸುತ್ತಿದ್ದರು. ಅವರದೂ ಇಳಿಯಿತು. ನಿಂತಲ್ಲೇ ಓಡುವ ಎಂಜಿನ್ನಿನಿಂದ ಬ್ಯಾಟರಿಗೆ 15 ಆಂಪಿಯರ್ ಹೋಯಿತೆಂದರೂ ಎರಡು ನಿಮಿಷಕ್ಕೆ ಸೇರುವುದು ಅರ್ಧ ಆಂಪಿಯರ್-ಗಂಟೆ. ದಿನದ ಖರ್ಚು ಒಂದು, ಸ್ಟಾರ್ಟಿನ ಖರ್ಚು ಬೇರೆ. ವಾರಕ್ಕೊಮ್ಮೆ ಅರ್ಧ ಮುಕ್ಕಾಲು ಗಂಟೆ ನಿಜವಾಗಿ ಓಡಿಸಿದರೆ ಬೇರೆ ಮಾತು. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಋಣಾಗ್ರದ ತಂತಿ ಕಳಚಿಡುವುದೇ ಸುಲಭ. ಮೊದಲು ಕಳಚಬೇಕಾದದ್ದು ಋಣಾಗ್ರವನ್ನೇ. ಧನಾಗ್ರ ಬಿಚ್ಚುವಾಗ ಸ್ಪಾನರು ಗಾಡಿಯ ಮೈಗೆ ತಗುಲಿದರೆ ನೇರ ಷಾರ್ಟ್ ಸರ್ಕ್ಯೂಟು.

ಎರಡು ಮೂರು ದಿನಕ್ಕೇ ಇಳಿಯುತ್ತಿದ್ದರೆ ಮಾತ್ರ ಎಲ್ಲೋ ಸೋರಿಕೆ ಇದೆ. ಡಿಕ್ಕಿ ಮುಚ್ಚಿದರೂ ಆರದ 5 ವಾಟಿನ ಬಲ್ಬು ದಿನಕ್ಕೆ 10 ಆಂಪಿಯರ್-ಗಂಟೆ ತಿನ್ನುತ್ತದೆ. ಆಲ್ಟರ್ನೇಟರಿನ ಡಯೋಡು ಕೆಟ್ಟರೆ ಅದೇ ದಾರಿಯಲ್ಲಿ ವಿದ್ಯುತ್ ಹಿಂದಕ್ಕೆ ಹರಿಯುತ್ತದೆ. ಕ್ಯಾಂಪರ್ ವ್ಯಾನುಗಳಲ್ಲಾದರೆ ಎರಡು ಬ್ಯಾಟರಿ ಬೇರ್ಪಡಿಸುವ ರಿಲೇಯ ಮೇಲೂ ಒಂದು ಕಣ್ಣಿರಬೇಕು. ಅದರ ತುದಿಗಳು ಕಿಡಿಯಿಂದ ಬೆಸೆದುಕೊಂಡರೆ ಎರಡೂ ಬ್ಯಾಟರಿ ಒಂದಾಗಿ, ಒಟ್ಟಿಗೇ ಮುಳುಗುತ್ತವೆ. ಪತ್ತೆಮಾಡಲು ಋಣಾಗ್ರ ಕಳಚಿ, ತಂತಿಗೂ ಅಗ್ರಕ್ಕೂ ನಡುವೆ ಮಲ್ಟಿಮೀಟರನ್ನು 10 ಆಂಪಿಯರ್ ಶ್ರೇಣಿಯಲ್ಲಿಟ್ಟು ನೋಡಬೇಕು. ಹೊಸ ಕಾರಾದರೆ ಬಾಗಿಲು ಮುಚ್ಚಿ ಅರ್ಧ ಗಂಟೆ ಕಾಯಿರಿ, ಅದರ ಗಣಕಗಳು ಮಲಗಲು ಅಷ್ಟು ಹೊತ್ತು ಬೇಕು. ಆಮೇಲೆ ಒಂದೊಂದೇ ಫ್ಯೂಸ್ ಕೀಳುತ್ತಾ ಹೋದರೆ, ಯಾವುದನ್ನು ಕಿತ್ತಾಗ ಮುಳ್ಳು ಇಳಿಯಿತೋ ಕಳ್ಳ ಅಲ್ಲಿದ್ದಾನೆ. ಮೀಟರ್ ನಡುವಿರುವಾಗ ಕೀಲಿ ತಿರುಗಿಸಬೇಡಿ, ಮೀಟರಿನ ಫ್ಯೂಸೇ ಹೋದೀತು.

ಇನ್ನು ಅಂಗಳಕ್ಕೆ ಮರಳೋಣ. ಫ್ರಿಜ್ಜಿನ ತಂತಿ ಕಿತ್ತೆ. ಅತ್ತೆಯವರ ಬಾಟಲಿಗಳನ್ನು ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಕುಡಿಕೆಯೊಳಗೆ, ನೀರು ತಾಗದಂತೆ ಇಟ್ಟೆವು. ಗಾಡಿ ತಳ್ಳೋಣವೆಂದರೆ ಮುಂದೆ ಏರು. ಕೊನೆಗೆ ತೋಟದ ಕೆಲಸಕ್ಕೆ ಜನರನ್ನು ಕರೆತಂದ ಜೀಪಿನ ಹುಡುಗನನ್ನು ಕೂಗಿದೆವು. ಅವನಲ್ಲಿ ದಪ್ಪ ಜಂಪರ್ ಕೇಬಲ್ ಇತ್ತು. ಜೀಪನ್ನು ವ್ಯಾನಿನ ಪಕ್ಕ ತರಲು ಹೇಳಿದಾಗ ಒಳಗೆ ಇಣುಕಿ ಕೇಳಿದ:

“ಸೀಟಿನ ಕೆಳಗೇ ಇನ್ನೊಂದು ಬ್ಯಾಟರಿ ಇದೆಯಲ್ಲ ಸಾರ್, ನನ್ನ ಜೀಪು ಯಾಕೆ?”

ಆಂತರಿಕ ರೋಧದ ಬಗ್ಗೆ ಅರ್ಧ ಗಂಟೆ ಉಪನ್ಯಾಸ ಕೊಟ್ಟಿದ್ದ ನನಗೆ ಅದು ಹೊಳೆದಿರಲಿಲ್ಲ!

ಕೆಂಪು ಕೇಬಲ್ಲನ್ನು ಧನಾಗ್ರದಿಂದ ಧನಾಗ್ರಕ್ಕೆ ಹಾಕಿದ. ಕಪ್ಪಿನ ಒಂದು ತುದಿ ಮನೆ ಬ್ಯಾಟರಿಯ ಋಣಾಗ್ರಕ್ಕೆ, ಕೊನೆಯ ತುದಿಯನ್ನು ಸತ್ತ ಬ್ಯಾಟರಿಗೆ ಕಚ್ಚಿಸದೆ ದೂರದಲ್ಲಿ ಎಂಜಿನ್ನಿನ ಲೋಹಕ್ಕೆ. ಯಾರು ಕಲಿಸಿದ್ದೆಂದು ಕೇಳಿದರೆ “ಹಂಗೇ ಹಾಕದು ಸಾರ್” ಎಂದ. ಬ್ಯಾಟರಿಯಿಂದ ಜಲಜನಕ ಹೊರಡುತ್ತದೆ, ಕೊನೆಯ ಜೋಡಣೆಯಲ್ಲಿ ಕಿಡಿ ಹಾರುತ್ತದೆ, ಎರಡೂ ಒಂದೆಡೆ ಇರಬಾರದು. ಹತ್ತು ನಿಮಿಷ ಹಾಗೇ ಬಿಟ್ಟು ಕೀಲಿ ತಿರುಗಿಸಿದಾಗ ಎಂಜಿನ್ ಎರಡು ಸಲ ಕೆಮ್ಮಿ ಹತ್ತಿಕೊಂಡಿತು.

ಹೊರನಾಡಿನಲ್ಲಿ ಊಟಕ್ಕೆ ಕೊನೆಯ ಪಂಕ್ತಿ ಸಿಕ್ಕಿತು. ಊರಿಗೆ ಬಂದ ಮೇಲೆ ವೈದ್ಯರನ್ನು ಕೇಳಿದಾಗ, ಒಡೆದು ಬಳಸುತ್ತಿರುವ ಇನ್ಸುಲಿನ್ ಬಾಟಲಿ ಸಾಮಾನ್ಯವಾಗಿ 30 ಡಿಗ್ರಿಯೊಳಗಿನ ನೆರಳಿನಲ್ಲಿ ನಾಲ್ಕು ವಾರ ಕೆಡದು, ಒಡೆಯದವನ್ನು ಮಾತ್ರ ಫ್ರಿಜ್ಜಿನಲ್ಲಿಡಿ ಎಂದರು. ಫ್ರಿಜ್ಜಿನ ತಂತಿ ಈಗ ಸೀಟಿನ ಕೆಳಗಿನ ಬ್ಯಾಟರಿಗೆ ಹೋಗಿದೆ, ಗುಂಡಿ ‘ಹೈ’ನಲ್ಲಿದೆ. ಮೂಲ ಬ್ಯಾಟರಿ ಮಾತ್ರ ಮೊದಲಿನಂತಾಗಲೇ ಇಲ್ಲ. ಮಳೆಗಾಲ ಮುಗಿಯುವುದರೊಳಗೆ ಷಡ್ಡಕರು ಅದನ್ನು ಬದಲಿಸಿದರು, ಜತೆಗೆ ಒಂದು ಜೊತೆ ಜಂಪರ್ ಕೇಬಲ್ಲನ್ನೂ ಕೊಂಡರು.