ಪದೇ ಪದೇ ಕಟ್ಟಿಕೊಳ್ಳುವ ಚರಂಡಿ: ಹೂಳೆತ್ತುವ ಮುನ್ನ ಕಾರಣ ತಿಳಿಯಬೇಕು

ಚರಂಡಿ ಕಟ್ಟಿಕೊಂಡು ಕೊಳಚೆ ನೀರು ಮನೆಯ ಬಚ್ಚಲಿಗೇ ಹಿಂದಿರುಗುತ್ತಿದೆ ಎಂಬ ದೂರು ಗ್ರಾಮಸಭೆಗಳಲ್ಲಿ ಮರಳಿ ಮರಳಿ ಕೇಳಿಬರುತ್ತದೆ. ದೂರು ಬಂದೊಡನೆ ಹೂಳೆತ್ತಿಸಲಾಗುತ್ತದೆ; ಬಿಲ್ಲು ಪಾವತಿಯಾಗುತ್ತದೆ; ಎರಡು ತಿಂಗಳು ಕಳೆಯುವಷ್ಟರಲ್ಲಿ ಅದೇ ಬೀದಿಯ ಅದೇ ಮನೆಯವರು ಮತ್ತೆ ಪಂಚಾಯಿತಿ ಕಚೇರಿಗೆ ಬರುತ್ತಾರೆ. ಒಮ್ಮೆ ಕಟ್ಟಿದ ಚರಂಡಿಗೆ ಹೂಳೆತ್ತುವುದು ಸಾಕು. ಒಂದೇ ಜಾಗದಲ್ಲಿ ಮೂರು ಬಾರಿ ಕಟ್ಟಿದರೆ ಇಳಿಜಾರು ತಪ್ಪಿದೆ, ಚರಂಡಿಗೆ ಸರಿಯಾದ ಕೊನೆಯಿಲ್ಲ, ಅಥವಾ ಸೇರಬಾರದ ವಸ್ತು ಅದಕ್ಕೆ ಸೇರುತ್ತಿದೆ ಎಂದು ಭಾವಿಸಿ ಪರಿಶೀಲಿಸಬೇಕು. ಈ ಪರಿಶೀಲನೆಯನ್ನು ಸದಸ್ಯರು ತಮ್ಮ ವಾರ್ಡಿನಲ್ಲಿ ತಾವೇ ಆರಂಭಿಸಬಹುದು.

ಈಗ ಸಮಸ್ಯೆ ಹೆಚ್ಚಲು ಕಾರಣ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಮಳೆ ಕಡಿಮೆ ಬೀಳುವ ಪ್ರದೇಶಗಳು. ಪಾವಗಡ ತಾಲ್ಲೂಕಿನ ವಳ್ಳೂರಿನಂತಹ ಗ್ರಾಮಗಳಲ್ಲಿ ವರ್ಷದ ಬಹುಕಾಲ ಚರಂಡಿಯಲ್ಲಿ ಹರಿಯುವ ನೀರು ತೆಳುವಾಗಿರುತ್ತದೆ. ತೆಳುವಾದ ಹರಿವಿಗೆ ಮರಳು, ಬೂದಿ, ಸಗಣಿಯನ್ನು ಕೊಚ್ಚಿಕೊಂಡು ಹೋಗುವ ಶಕ್ತಿಯಿಲ್ಲ. ಅವು ತಳದಲ್ಲೇ ಕೂರುತ್ತವೆ. ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳ ಜೋರು ಮಳೆ ಬಂದಾಗ ಬೀದಿಯ ಮಣ್ಣೆಲ್ಲವೂ ಒಮ್ಮೆಗೇ ಚರಂಡಿಗಿಳಿದು ಮೋರಿಯ ಬಾಯಿ ಮುಚ್ಚುತ್ತದೆ.

ಇದರ ಜೊತೆಗೆ ಮನೆಗಳಿಂದ ಹೊರಬರುವ ನೀರಿನ ಪ್ರಮಾಣವೂ ಏರಿದೆ. ಹಿಂದೆ ಸಾರ್ವಜನಿಕ ನಲ್ಲಿ ಅಥವಾ ಮಿನಿ ಟ್ಯಾಂಕಿನಿಂದ ಕೊಡದಲ್ಲಿ ನೀರು ತರುತ್ತಿದ್ದಾಗ ಬಚ್ಚಲಿನಿಂದ ಹೊರಬರುವ ನೀರೂ ಮಿತವಾಗಿತ್ತು. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಪ್ರತಿ ವ್ಯಕ್ತಿಗೆ ದಿನಕ್ಕೆ 55 ಲೀಟರ್ ನೀರನ್ನು ಮನೆಯ ನಲ್ಲಿಗೇ ಒದಗಿಸುವ ಗುರಿ ಹೊಂದಿದೆ. ಇದರಲ್ಲಿ ಸುಮಾರು ಮೂರನೇ ಎರಡು ಭಾಗ, ಅಂದರೆ 36 ಲೀಟರಿನಷ್ಟು, ಬಳಕೆಯಾದ ನೀರಾಗಿ ಹೊರಬರುತ್ತದೆ. ಐದು ಜನರ ಮನೆಯಿಂದ 180 ಲೀಟರ್. ನೂರು ಮನೆಗಳ ಒಂದು ಬೀದಿಯಿಂದ ದಿನಕ್ಕೆ 18,000 ಲೀಟರ್. ಇದು 5,000 ಲೀಟರಿನ ಸುಮಾರು ಮೂರೂವರೆ ಟ್ಯಾಂಕರ್‌ಗಳಿಗೆ ಸಮ. ಫ್ಲೋರೈಡ್ ಇರುವ ಗ್ರಾಮಗಳ ಶುದ್ಧ ಕುಡಿಯುವ ನೀರಿನ ಘಟಕಗಳು ಹೊರಬಿಡುವ ತ್ಯಾಜ್ಯ ನೀರೂ ಬಹುತೇಕ ಇದೇ ಚರಂಡಿಗೆ ಸೇರುತ್ತದೆ. ಮನೆಗೆ ನೀರು ತರುವ ಯೋಜನೆ ರೂಪಿಸುವಾಗಲೇ ಆ ನೀರು ಹೊರಹೋಗುವ ದಾರಿಯನ್ನೂ ಯೋಜಿಸದಿದ್ದಲ್ಲಿ ಹಳೆಯ ಚರಂಡಿ ತುಂಬಿ ಉಕ್ಕುವುದು ಸಹಜ.

ದೋಷ ಇರುವ ಸ್ಥಳವನ್ನು ಪತ್ತೆ ಮಾಡುವ ಕ್ರಮ

ದೂರು ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆಗಳು ನಾಲ್ಕು.

1. ನೀರು ನಿಲ್ಲುತ್ತಿರುವುದು ಒಂದು ಜಾಗದಲ್ಲೋ, ಇಡೀ ಮನೆಯಲ್ಲೋ? ಪಾತ್ರೆ ತೊಳೆಯುವ ಜಾಗದಲ್ಲಿ ಮಾತ್ರ ನಿಂತರೆ ಆ ಕೊಳವೆಯೊಳಗೆ ಜಿಡ್ಡು, ಅನ್ನದ ಅಗುಳು, ತೆಂಗಿನ ನಾರು ಸೇರಿರುತ್ತದೆ. ಸ್ನಾನ ಮಾಡಿದಾಗ ಶೌಚಾಲಯದ ಬೇಸಿನ್ನಿನಲ್ಲಿ ನೀರು ಏರಿದರೆ ಅಥವಾ ಗುಳುಗುಳು ಸದ್ದು ಬಂದರೆ ಮನೆಯ ಮುಖ್ಯ ಕೊಳವೆ ಅಥವಾ ಗುಂಡಿಯಲ್ಲಿ ತೊಂದರೆಯಿದೆ.

2. ಒಂದೇ ಮನೆಯೋ, ಸಾಲು ಮನೆಗಳೋ? ಸಾಲು ಮನೆಗಳಾದರೆ ದೋಷ ಬೀದಿಯ ಚರಂಡಿಯದು. ನೀರು ಹರಿಯುವ ದಿಕ್ಕಿನಲ್ಲಿ ನಡೆಯುತ್ತಾ ಹೋಗಬೇಕು. ಚರಂಡಿ ತುಂಬಿರುವ ಕೊನೆಯ ಜಾಗಕ್ಕೂ ಖಾಲಿ ಕಾಣುವ ಮೊದಲ ಜಾಗಕ್ಕೂ ನಡುವೆ ತಡೆ ಇರುತ್ತದೆ. ದೂರು ಕೊಟ್ಟ ಮನೆಯ ಮುಂದೆ ಮಾತ್ರ ಹೂಳೆತ್ತಿದರೆ ತಡೆ ಹಾಗೆಯೇ ಉಳಿಯುತ್ತದೆ.

3. ಮಳೆಗಾಲದಲ್ಲಿ ಮಾತ್ರವೋ, ವರ್ಷವಿಡೀ ಇದೆಯೋ? ಮಳೆ ಬಂದಾಗ ಮಾತ್ರ ಉಕ್ಕಿದರೆ ಛಾವಣಿಯ ಮತ್ತು ಬೀದಿಯ ಮಳೆನೀರು ಸೇರುತ್ತಿದೆ, ಅಥವಾ ಕೆರೆಯ ಅಂಚಿನ ಮನೆಗಳಲ್ಲಿ ಭೂಮಿಯೊಳಗಿನ ನೀರು ಏರಿ ಗುಂಡಿ ತುಂಬುತ್ತಿದೆ ಎಂದು ತಿಳಿಯಬಹುದು.

4. ಹಿಂದೆ ಎಷ್ಟು ಬಾರಿ, ಯಾವ ದಿನ, ಯಾವ ಜಾಗದಲ್ಲಿ ಹೂಳೆತ್ತಲಾಗಿದೆ? ಇದಕ್ಕೆ ಉತ್ತರ ದೊರೆಯಬೇಕಾದರೆ ಪಂಚಾಯಿತಿಯಲ್ಲಿ ದೂರುಗಳ ವಹಿಯೊಂದನ್ನು ಇಟ್ಟು ಬೀದಿ, ಮನೆ ಮತ್ತು ದಿನಾಂಕವನ್ನು ನಮೂದಿಸುತ್ತಿರಬೇಕು. ಆರು ತಿಂಗಳ ವಹಿಯನ್ನು ಒಮ್ಮೆ ಓದಿದರೆ ದುರಸ್ತಿಯಾಗಬೇಕಾದ ಜಾಗಗಳು ತಾವಾಗಿಯೇ ಕಾಣುತ್ತವೆ.

ಸಾಮಾನ್ಯವಾಗಿ ಕಂಡುಬರುವ ದೋಷಗಳು

ಇಳಿಜಾರು: ಹಳೆಯ ಕಾಂಕ್ರೀಟ್ ರಸ್ತೆಯನ್ನು ಅಗೆಯದೆ ಅದರ ಮೇಲೆಯೇ ಹೊಸದನ್ನು ಹಾಕಿದ ಬೀದಿಗಳಲ್ಲಿ ರಸ್ತೆ ಮೇಲೇರಿ ಮನೆಗಳ ನೆಲ ತಗ್ಗಿನಲ್ಲಿ ಉಳಿಯುತ್ತದೆ. ನಂತರ ರಸ್ತೆಯ ಮಟ್ಟಕ್ಕೆ ತಕ್ಕಂತೆ ಚರಂಡಿ ಕಟ್ಟಿದಾಗ ಮನೆಯ ಕೊಳವೆಯ ಬಾಯಿ ಚರಂಡಿಯ ನೀರಿಗಿಂತ ಕೆಳಗಾಗುತ್ತದೆ. ಇಂತಹ ಮನೆಗೆ ಎಷ್ಟು ಹೂಳೆತ್ತಿದರೂ ಪ್ರಯೋಜನವಿಲ್ಲ. ಮನೆಯಿಂದ ಹೊರಡುವ ನಾಲ್ಕು ಅಂಗುಲದ ಕೊಳವೆಗೆ ಪ್ರತಿ 10 ಅಡಿಗೆ ಸುಮಾರು 3 ಅಂಗುಲ ಇಳಿಜಾರು ಬೇಕು. ಗಾರೆ ಕೆಲಸದವರ ಟ್ಯೂಬ್ ಲೆವೆಲ್‌ನಿಂದಲೇ ಇದನ್ನು ಅಳೆಯಬಹುದು. ಚರಂಡಿ ಕಾಮಗಾರಿಗೆ ಅಂತಿಮ ಬಿಲ್ಲು ಪಾವತಿಸುವ ಮುನ್ನ ಮೇಲ್ತುದಿಯಲ್ಲಿ ಹತ್ತು ಕೊಡ ನೀರು ಸುರಿದು ಅದು ನಡುವೆ ನಿಲ್ಲದೆ ಕೆಳತುದಿ ತಲುಪುವುದನ್ನು ಸದಸ್ಯರು ಕಣ್ಣಾರೆ ನೋಡುವುದು ಉತ್ತಮ ಪದ್ಧತಿ.

ಕೊನೆಯಿಲ್ಲದ ಚರಂಡಿ: ಅನುದಾನ ಮುಗಿದ ಜಾಗದಲ್ಲಿ ಚರಂಡಿಯೂ ಮುಗಿಯುವುದುಂಟು. ಆಗ ನೀರು ಖಾಲಿ ನಿವೇಶನದಲ್ಲೋ ಯಾರದೋ ಹೊಲದಲ್ಲೋ ನಿಲ್ಲುತ್ತದೆ. ಹೊಲದವರು ಮಣ್ಣು ಹಾಕಿ ಮುಚ್ಚಿದರೆ ನೀರು ಹಿಂದಕ್ಕೆ ಏರುತ್ತದೆ. ಎರಡು ಮನೆತನಗಳ ನಡುವಿನ ಜಗಳವೂ ಅಲ್ಲಿಂದಲೇ ಹುಟ್ಟುತ್ತದೆ. ಆದ್ದರಿಂದ ನೀರು ಕೊನೆಗೆ ಸೇರುವ ಜಾಗವನ್ನು ಮೊದಲು ಗುರುತಿಸಿ, ಅಲ್ಲಿ ಸಮುದಾಯ ಇಂಗುಗುಂಡಿ ಅಥವಾ ಶೋಧನಾ ಕೊಳವನ್ನು ಅಂದಾಜು ಪಟ್ಟಿಯಲ್ಲಿ ಸೇರಿಸಿ, ಕೆಳಗಿನಿಂದ ಮೇಲಕ್ಕೆ ಚರಂಡಿ ಕಟ್ಟಬೇಕು. ಕೆರೆಗೆ ನೇರವಾಗಿ ಬಿಡುವುದು ಪರಿಹಾರವಲ್ಲ.

ಶೌಚಾಲಯದ ಗುಂಡಿ: ಎರಡು ಗುಂಡಿಗಳ ಶೌಚಾಲಯದಲ್ಲಿ ಒಂದು ಗುಂಡಿ ಬಳಕೆಯಲ್ಲಿರುವಾಗ ಇನ್ನೊಂದರ ದಾರಿಯನ್ನು ಕವಲು ತೊಟ್ಟಿಯಲ್ಲಿ ಮುಚ್ಚಿರಬೇಕು. ಎರಡೂ ದಾರಿಗಳು ತೆರೆದಿದ್ದರೆ ಎರಡೂ ಗುಂಡಿಗಳು ಒಟ್ಟಿಗೇ ತುಂಬಿ, ಬದಲಾಯಿಸಲು ಗುಂಡಿಯೇ ಇಲ್ಲದಂತಾಗುತ್ತದೆ. ಸ್ನಾನದ ಮತ್ತು ಬಟ್ಟೆ ಒಗೆದ ನೀರನ್ನು ಈ ಗುಂಡಿಗೆ ಬಿಟ್ಟರೆ ಅದು ಬೇಗ ತುಂಬುತ್ತದೆ. ತುಂಬಿದ ಗುಂಡಿಯ ದಾರಿ ಮುಚ್ಚಿ ಒಂದೂವರೆಯಿಂದ ಎರಡು ವರ್ಷ ಹಾಗೆಯೇ ಬಿಟ್ಟರೆ ಒಳಗಿನದು ಒಣಗಿದ ಗೊಬ್ಬರವಾಗುತ್ತದೆ. ಸೆಪ್ಟಿಕ್ ಟ್ಯಾಂಕ್ ಇರುವವರು ಎರಡು ಮೂರು ವರ್ಷಕ್ಕೊಮ್ಮೆ, ಅದು ಉಕ್ಕುವ ಮೊದಲೇ, ಯಂತ್ರದಿಂದ ಖಾಲಿ ಮಾಡಿಸಬೇಕು. ಶೌಚಾಲಯದ ಕೊಳವೆಯನ್ನು ಬೀದಿ ಚರಂಡಿಗೆ ಜೋಡಿಸಿರುವುದು ಕಂಡುಬಂದಲ್ಲಿ ನೋಟಿಸ್ ನೀಡಿ ತೆಗೆಸಬೇಕು.

ಗುಂಡಿಗೆ ಮನುಷ್ಯರನ್ನು ಇಳಿಸುವಂತಿಲ್ಲ

ಗುಂಡಿ ಉಕ್ಕಿ ಮನೆಯೊಳಗೆ ದುರ್ನಾತ ತುಂಬಿದಾಗ ಹಗ್ಗ, ಬಕೆಟ್ ಹಿಡಿದು ಬರುವ ಕೂಲಿಯವರನ್ನು ಕರೆಯುವ ಆತುರ ಹುಟ್ಟುತ್ತದೆ. ಮುಚ್ಚಿದ ಗುಂಡಿಯಲ್ಲಿ ಆಮ್ಲಜನಕ ಇರುವುದಿಲ್ಲ. ಮೀಥೇನ್ ಮತ್ತು ಹೈಡ್ರೋಜನ್ ಸಲ್ಫೈಡ್ ಅನಿಲಗಳು ಸೇರಿರುತ್ತವೆ. ಹೈಡ್ರೋಜನ್ ಸಲ್ಫೈಡ್ ಹೆಚ್ಚಿದಾಗ ಮೂಗಿಗೆ ವಾಸನೆಯೇ ತಿಳಿಯದಂತಾಗುತ್ತದೆ. ಆದ್ದರಿಂದ ವಾಸನೆ ಕಡಿಮೆಯಾಗಿದೆ ಎಂದು ಇಳಿದವರು ಕೆಲವೇ ಕ್ಷಣಗಳಲ್ಲಿ ಕುಸಿಯುತ್ತಾರೆ; ಅವರನ್ನು ಎತ್ತಲು ಇಳಿದವರೂ ಮೇಲೆ ಬರುವುದಿಲ್ಲ.

ಮ್ಯಾನುಯಲ್ ಸ್ಕ್ಯಾವೆಂಜರ್‌ಗಳ ನೇಮಕಾತಿ ನಿಷೇಧ ಮತ್ತು ಅವರ ಪುನರ್ವಸತಿ ಕಾಯ್ದೆ, 2013ರ 7ನೇ ಪ್ರಕರಣದಂತೆ ಯಾವುದೇ ವ್ಯಕ್ತಿ, ಸ್ಥಳೀಯ ಸಂಸ್ಥೆ ಅಥವಾ ಏಜೆನ್ಸಿ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಒಳಚರಂಡಿ ಅಥವಾ ಸೆಪ್ಟಿಕ್ ಟ್ಯಾಂಕಿನ ಅಪಾಯಕಾರಿ ಶುಚಿ ಕಾರ್ಯಕ್ಕೆ ಯಾರನ್ನೂ ತೊಡಗಿಸುವಂತಿಲ್ಲ. ಮೊದಲ ಬಾರಿಯ ಉಲ್ಲಂಘನೆಗೆ ಎರಡು ವರ್ಷಗಳವರೆಗೆ ಸೆರೆವಾಸ ಅಥವಾ 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಇದು ಮನೆಯ ಮಾಲೀಕರಿಗೂ ಅನ್ವಯಿಸುತ್ತದೆ. ಇಂತಹ ಕೆಲಸದಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ. ಹಣದಿಂದ ಹೋದ ಜೀವ ಮರಳುವುದಿಲ್ಲ. ಯಾವ ಮನೆಯಲ್ಲಿ ಗುಂಡಿ ಉಕ್ಕಿದೆ ಎಂಬುದು ಮೊದಲು ತಿಳಿಯುವುದು ವಾರ್ಡಿನ ಸದಸ್ಯರಿಗೆ. ಸಮೀಪದ ಪಟ್ಟಣದ ಸಕ್ಕಿಂಗ್ ಯಂತ್ರದ ದೂರವಾಣಿ ಸಂಖ್ಯೆ ಮತ್ತು ದರವನ್ನು ಪಂಚಾಯಿತಿಯ ಸೂಚನಾ ಫಲಕದಲ್ಲಿ ಬರೆಸಿದ್ದರೆ ಆತುರದ ನಿರ್ಧಾರವನ್ನು ತಪ್ಪಿಸಬಹುದು.

ಯಂತ್ರವು ತುಂಬಿಕೊಂಡ ತ್ಯಾಜ್ಯವನ್ನು ಹಳ್ಳಕ್ಕೋ ಕೆರೆಯಂಗಳಕ್ಕೋ ಸುರಿಯದಂತೆ ನೋಡಿಕೊಳ್ಳುವುದೂ ಅಷ್ಟೇ ಮುಖ್ಯ. 2015ರಲ್ಲಿ ದೇವನಹಳ್ಳಿಯಲ್ಲಿ ಆರಂಭವಾದ ಮಲತ್ಯಾಜ್ಯ ಸಂಸ್ಕರಣಾ ಘಟಕವು, ಒಳಚರಂಡಿ ಇಲ್ಲದ ಊರುಗಳ ಗುಂಡಿಗಳ ತ್ಯಾಜ್ಯವನ್ನೂ ಶುದ್ಧೀಕರಿಸಿ ಗೊಬ್ಬರವಾಗಿಸಬಹುದೆಂದು ತೋರಿಸಿದೆ. ಹಲವು ಪಂಚಾಯಿತಿಗಳು ಒಟ್ಟಾಗಿ ಇಂತಹ ಘಟಕವನ್ನು ಕೋರಬಹುದು.

ಕುಡಿಯುವ ನೀರಿನ ಕೊಳವೆಯ ಕಡೆ ಗಮನ

ಚರಂಡಿ ಉಕ್ಕುವುದರಿಂದಾಗುವ ಅತಿ ದೊಡ್ಡ ಅಪಾಯ ಕಣ್ಣಿಗೆ ಕಾಣುವುದಿಲ್ಲ. ನಲ್ಲಿಯ ಕೊಳವೆ ಚರಂಡಿಯೊಳಗೆ ಹಾದುಹೋಗಿದ್ದು ಎಲ್ಲಾದರೂ ಸೀಳಿದ್ದರೆ, ನೀರು ಬಿಟ್ಟಾಗ ಅದು ಹೊರಗೆ ಸೋರುತ್ತದೆ. ನೀರು ನಿಲ್ಲಿಸಿ ಒತ್ತಡ ಇಳಿದಾಗ ಚರಂಡಿಯ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ದಿನ ಬಿಟ್ಟು ದಿನ ನೀರು ಬಿಡುವ ಊರುಗಳಲ್ಲಿ ಈ ಅಪಾಯ ಹೆಚ್ಚು. 2023ರ ಆಗಸ್ಟ್‌ನಲ್ಲಿ ನೆರೆಯ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಮೃತಪಟ್ಟರು. 2024ರ ಜೂನ್‌ನಲ್ಲಿ ಮಧುಗಿರಿ ತಾಲ್ಲೂಕಿನ ಚಿನ್ನೇನಹಳ್ಳಿಯಲ್ಲಿ ವಾಂತಿಭೇದಿಯಿಂದ ಸಾವುಗಳು ಸಂಭವಿಸಿದವು. ರೋಗಾಣು ಊರಿಗೆ ಬರುವ ದಾರಿಗಳು ಹಲವು. ಚರಂಡಿ ಮತ್ತು ಕೊಳವೆ ಕೂಡುವ ದಾರಿಯನ್ನಾದರೂ ಪಂಚಾಯಿತಿ ತಾನೇ ಮುಚ್ಚಬಹುದು. ನೀರುಗಂಟಿಯವರೊಂದಿಗೆ ಬೀದಿ ಬೀದಿ ನಡೆದು ಚರಂಡಿ ದಾಟುವ ಕೊಳವೆಗಳನ್ನೂ ಕೊಳಚೆ ನಿಂತ ವಾಲ್ವ್ ಗುಂಡಿಗಳನ್ನೂ ಪಟ್ಟಿ ಮಾಡಿ ಸ್ಥಳಾಂತರಿಸಬೇಕು. ಚರಂಡಿ ಉಕ್ಕಿದ ಬೀದಿಯ ಕೊನೆಯ ನಲ್ಲಿಯಲ್ಲಿ ಕ್ಲೋರಿನ್ ಪರೀಕ್ಷಿಸಬೇಕು. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು.

ಮನೆಯಲ್ಲೇ ಇಂಗಿಸುವುದು ಮತ್ತು ಹಣದ ವ್ಯವಸ್ಥೆ

ಹಿತ್ತಲು ಇರುವ ಮನೆಗಳ ನೀರು ಚರಂಡಿಗೆ ಬರುವ ಅಗತ್ಯವೇ ಇಲ್ಲ. ಉದ್ದ, ಅಗಲ, ಆಳ ತಲಾ ಒಂದು ಮೀಟರಿನ ಬಚ್ಚಲು ಗುಂಡಿ ತೋಡಿ, ಕಲ್ಲು ತುಂಬಿ, ಅದಕ್ಕೆ ಮುಂಚೆ ಜಿಡ್ಡು ಮತ್ತು ಕಸ ತಡೆಯುವ ಸಣ್ಣ ತೊಟ್ಟಿ ಕಟ್ಟಿದರೆ ಒಂದು ಕುಟುಂಬಕ್ಕೆ ಸಾಕು. ಗುಂಡಿ ತೋಡುವ ಮೊದಲು ಆ ಜಾಗದಲ್ಲಿ ನೀರು ಸುರಿದು ಇಂಗುವುದನ್ನು ನೋಡಬೇಕು. ಬಂಡೆ ಅಥವಾ ಗಟ್ಟಿ ಜೇಡಿಯಿದ್ದಲ್ಲಿ ನೀರನ್ನು ಬಾಳೆ, ತೆಂಗಿನ ಪಾತಿಗೆ ಹರಿಸುವುದು ಲೇಸು. ಬಾವಿ ಮತ್ತು ಕೊಳವೆಬಾವಿಯಿಂದ ಕನಿಷ್ಠ 10 ಮೀಟರ್ ದೂರವಿರಬೇಕು. ಉದ್ಯೋಗ ಖಾತರಿ ಯೋಜನೆಯಡಿ ರಾಜ್ಯದ ಅನೇಕ ಗ್ರಾಮಗಳಲ್ಲಿ ಬಚ್ಚಲು ಗುಂಡಿಗಳನ್ನು ನಿರ್ಮಿಸಲಾಗಿದೆ.

ಸ್ವಚ್ಛ ಭಾರತ್ ಮಿಷನ್ (ಗ್ರಾಮೀಣ) ಎರಡನೇ ಹಂತದ ಮಾರ್ಗಸೂಚಿಯು ಬೂದು ನೀರಿನ ನಿರ್ವಹಣೆಗೆ 5,000 ಜನಸಂಖ್ಯೆವರೆಗಿನ ಗ್ರಾಮಗಳಿಗೆ ತಲಾ 280 ರೂಪಾಯಿ, ಅದಕ್ಕಿಂತ ದೊಡ್ಡ ಗ್ರಾಮಗಳಿಗೆ ತಲಾ 660 ರೂಪಾಯಿವರೆಗೆ ನಿಗದಿಪಡಿಸಿತು. ಇದರಲ್ಲಿ ಶೇ 30ರಷ್ಟನ್ನು ಪಂಚಾಯಿತಿ 15ನೇ ಹಣಕಾಸು ಆಯೋಗದ ಅನುದಾನದಿಂದ ಭರಿಸಬೇಕಿತ್ತು. ಈ ಲೆಕ್ಕದಲ್ಲಿ 1,500 ಜನರಿರುವ ಗ್ರಾಮಕ್ಕೆ 4,20,000 ರೂಪಾಯಿ. ಪಂಚಾಯಿತಿಯ ಪಾಲು 1,26,000 ರೂಪಾಯಿ. ಪ್ರತಿ ವರ್ಷ ಅದೇ ಬೀದಿಯ ಹೂಳೆತ್ತಲು ಆಗುವ ಖರ್ಚನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಯಾವುದು ದುಬಾರಿ ಎಂಬುದು ಸ್ಪಷ್ಟವಾಗುತ್ತದೆ.

ಸದಸ್ಯರು ಮಳೆಗಾಲಕ್ಕೆ ಮುನ್ನ ತಮ್ಮ ವಾರ್ಡಿನ ಚರಂಡಿಯನ್ನು ಮೇಲ್ತುದಿಯಿಂದ ಕೆಳತುದಿಯವರೆಗೆ ಒಮ್ಮೆ ನಡೆದು ನೋಡಿ, ನೀರು ನಿಲ್ಲುವ ಜಾಗಗಳನ್ನು ಗುರುತಿಸಿ, ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯ ಮುಂದಿಟ್ಟು, ದುರಸ್ತಿಯನ್ನು ವಾರ್ಷಿಕ ಕ್ರಿಯಾ ಯೋಜನೆಯಲ್ಲಿ ಸೇರಿಸುವುದು. ಮೂರು ಬಾರಿ ಕಟ್ಟಿದ ಜಾಗಕ್ಕೆ ನಾಲ್ಕನೆಯ ಬಾರಿ ಹೂಳೆತ್ತುವ ಬಿಲ್ಲು ಬಂದಲ್ಲಿ, ಅದರೊಂದಿಗೆ ಕಾರಣದ ವರದಿಯನ್ನೂ ಕೇಳುವುದು.