ಕೇಳುವವರ ಕೈಯಲ್ಲೂ ಒಂದು ಕೊಳಗ

ಮಕ್ಕಳೇ, ಕೊಳಗ ಎಂದರೆ ಏನು ಗೊತ್ತೇ? ನಿಮ್ಮ ಮನೆಯ ಅಟ್ಟದ ಮೇಲೆ ಹುಡುಕಿದರೆ ಒಂದು ಸಿಕ್ಕರೂ ಸಿಗಬಹುದು. ಭತ್ತ ಅಳೆಯುವ ಪಾತ್ರೆ ಅದು. ತಕ್ಕಡಿ, ಕಿಲೋ ಬರುವ ಮೊದಲು ನಮ್ಮ ಮಲೆನಾಡಿನಲ್ಲಿ ಅಕ್ಕಿ, ಭತ್ತ ಎಲ್ಲವೂ ಕೊಳಗದ ಲೆಕ್ಕದಲ್ಲೇ ನಡೆಯುತ್ತಿತ್ತು.

ಈ ಕೊಳಗದ ಮೇಲೆ ನಮ್ಮ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಒಂದು ದೊಡ್ಡ ಹೋರಾಟವೇ ಆಯಿತು. 1951ನೇ ಇಸವಿ. ಗದ್ದೆ ಉಳುವವರು ಗೇಣಿದಾರರು, ಗದ್ದೆ ಬೇರೆಯವರದು. ಸುಗ್ಗಿಯಾದ ಮೇಲೆ ಒಡೆಯರಿಗೆ ಇಷ್ಟು ಕೊಳಗ ಭತ್ತ ಅಳೆದು ಕೊಡಬೇಕು. ಆದರೆ ಗೇಣಿ ಅಳೆಯುವಾಗ ಬರುತ್ತಿದ್ದದ್ದು ದೊಡ್ಡ ಕೊಳಗ. ಎಣಿಕೆ ಸರಿಯಾಗಿಯೇ ಇರುತ್ತಿತ್ತು, ಪಾತ್ರೆ ಮಾತ್ರ ಹಿಗ್ಗಿರುತ್ತಿತ್ತು. ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ರೈತರು ಇದನ್ನು ಎದುರಿಸಿ ನಿಂತರು. ಸಮಾಜವಾದಿಗಳು ಜೊತೆಗೂಡಿದರು. ರಾಮಮನೋಹರ ಲೋಹಿಯಾ ಆ ಜೂನ್ ತಿಂಗಳಲ್ಲಿ ಇಲ್ಲಿಗೆ ಬಂದು ಬಂಧನಕ್ಕೊಳಗಾದರು. ಉಳುವವನೇ ಒಡೆಯ ಎಂಬ ಕಾನೂನು ನಮ್ಮ ರಾಜ್ಯದಲ್ಲಿ 1974ರಲ್ಲಿ ಗಟ್ಟಿಯಾಗಿ ಬಂದದ್ದರ ಹಿಂದೆ ಇಂಥ ಹೋರಾಟಗಳ ಬಲವಿದೆ.

ಚುನಾವಣೆಯ ಅಭ್ಯರ್ಥಿಗಳ ಸಂವಾದದ ಬಗ್ಗೆ ಬರೆಯಲು ಹೊರಟು ಭತ್ತದ ಕಥೆ ಏಕೆ ಹೇಳಿದೆ ಎಂದು ಅಜ್ಜಂದಿರು ಕೇಳಬಹುದು. ಅಭ್ಯರ್ಥಿಗಳ ಮಾತನ್ನು ಅಳೆಯಲು ಹೋಗುವ ನಮ್ಮ ಕೈಯಲ್ಲೂ ಒಂದು ಕೊಳಗ ಇರುತ್ತದೆ. ನಮಗೆ ಬೇಕಾದವರಿಗೆ ಚಿಕ್ಕದು, ಬೇಡದವರಿಗೆ ದೊಡ್ಡದು ಹಿಡಿದರೆ ಕಾಗೋಡಿನ ಪಾಠ ಕಲಿತಂತಾಗಲಿಲ್ಲ.

ಕಾಗೋಡಿನ ಮರುವರ್ಷವೇ, 1952ರಲ್ಲಿ, ಮೊದಲ ಸಾರ್ವತ್ರಿಕ ಚುನಾವಣೆ. ಆಗ ಸಾಗರ, ಹೊಸನಗರ ಸೇರಿ ಒಂದೇ ಕ್ಷೇತ್ರ. ಕಾಂಗ್ರೆಸ್ಸಿನಿಂದ ಎ.ಆರ್. ಬದರಿನಾರಾಯಣ್, ಸಮಾಜವಾದಿ ಪಕ್ಷದಿಂದ ಶಾಂತವೇರಿ ಗೋಪಾಲಗೌಡ. ಗೌಡರಿಗೆ ಆಗ ಮೂವತ್ತೂ ತುಂಬಿರಲಿಲ್ಲ. ಗೆದ್ದರು. 1957ರಲ್ಲಿ ಸೋತರು, 1962ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ಗೆದ್ದರು. ಓಟಿನ ಜೊತೆ ಖರ್ಚಿಗೆ ಒಂದು ನೋಟನ್ನೂ ಜನರಿಂದಲೇ ಕೇಳಿದವರು ಅವರು ಎಂದು ನಮ್ಮ ಕಡೆ ಇವತ್ತಿಗೂ ಹೇಳುವುದುಂಟು.

ಆಗಿನ ವಾಡಿಕೆಯೆಂದರೆ ಪಕ್ಷಕ್ಕೊಂದು ಸಭೆ. ಇವತ್ತು ಇವರದು, ನಾಳೆ ಅವರದು. ಕೇಳಿ ಬಂದವರು ಮನೆಯ ಜಗಲಿಯ ಮೇಲೆ, ಚಹಾದಂಗಡಿಯ ಬೆಂಚಿನ ಮೇಲೆ, ಅಡಿಕೆ ಸುಲಿಯುವ ಚಪ್ಪರದ ಕೆಳಗೆ ಕೂತು ಎರಡೂ ಕಡೆಯ ವಾದವನ್ನು ತಾವೇ ನಡೆಸುತ್ತಿದ್ದರು. ಎಲ್ಲ ಅಭ್ಯರ್ಥಿಗಳನ್ನೂ ಒಂದೇ ವೇದಿಕೆಯಲ್ಲಿ ಕೂರಿಸಿ, ಒಂದೇ ಪ್ರಶ್ನೆಯನ್ನು ಎಲ್ಲರಿಗೂ ಕೇಳುವ ಕ್ರಮ ನಮ್ಮ ಕಡೆ ತಡವಾಗಿ ಬಂತು.

ಅಮೆರಿಕದಲ್ಲಿ ಇದು ಹಳೆಯದು. 1858ರಲ್ಲಿ ಇಲಿನಾಯ್ ರಾಜ್ಯದ ಏಳು ಊರುಗಳಲ್ಲಿ ಅಬ್ರಹಾಂ ಲಿಂಕನ್ ಮತ್ತು ಸ್ಟೀಫನ್ ಡಗ್ಲಾಸ್ ಎದುರುಬದುರು ನಿಂತು ವಾದ ಮಾಡಿದರು. ಮೊದಲನೆಯವರಿಗೆ ಒಂದು ಗಂಟೆ, ಎರಡನೆಯವರಿಗೆ ಒಂದೂವರೆ ಗಂಟೆ, ಮತ್ತೆ ಮೊದಲನೆಯವರಿಗೆ ಅರ್ಧ ಗಂಟೆ. ಒಟ್ಟು ಮೂರು ಗಂಟೆ. ಮೈಕಿಲ್ಲ. ಗುಲಾಮಗಿರಿ ಹೊಸ ಪ್ರಾಂತ್ಯಗಳಿಗೂ ಹರಡಬೇಕೇ ಬೇಡವೇ ಎಂಬುದು ಮುಖ್ಯ ವಿಷಯ. ಆ ಸಲ ಸೆನೆಟ್ ಸ್ಥಾನ ಲಿಂಕನ್ನರಿಗೆ ಸಿಗಲಿಲ್ಲ. ಆದರೆ ಅವರ ಮಾತು ಪತ್ರಿಕೆಗಳಲ್ಲಿ ಅಚ್ಚಾಗಿ ದೇಶವೆಲ್ಲ ಓದಿತು, ಎರಡು ವರ್ಷದ ಮೇಲೆ ಅವರು ಅಧ್ಯಕ್ಷರಾಗಿ ಆಯ್ಕೆಯಾದರು.

ಮೂರು ಗಂಟೆ ವಾದ ಕೇಳುವುದು ನಮಗೇನು ಹೊಸದೇ? ರಾತ್ರಿಯಿಡೀ ತಾಳಮದ್ದಳೆ ಕೇಳಿದ ಅಜ್ಜ ಅಜ್ಜಿಯರು ನಮ್ಮ ಮೂರು ತಾಲ್ಲೂಕಿನ ಊರೂರಲ್ಲಿ ಇದ್ದಾರೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ವಾದಕ್ಕಿಳಿಯುತ್ತಾರೆ. ಕೃಷ್ಣಸಂಧಾನದಲ್ಲಿ ಕೌರವ ಎಷ್ಟು ಚೆನ್ನಾಗಿ ಮಾತಾಡುತ್ತಾನೆಂದರೆ, ಅರೆಗಳಿಗೆ ಅವನದೇ ಸರಿ ಎನ್ನಿಸಿಬಿಡುತ್ತದೆ! ಆದರೆ ಇಂದು ಕೃಷ್ಣನ ಅರ್ಥ ಹೇಳಿದವರು ನಾಳೆ ಕೌರವನ ಅರ್ಥ ಹೇಳಬಹುದು, ಅದು ಕಲೆ. ಬೆಳಿಗ್ಗೆ ಮನೆಗೆ ಹೋದರೆ ಮುಗಿಯಿತು. ಅಭ್ಯರ್ಥಿ ಆಡಿದ ಮಾತು ಐದು ವರ್ಷ ನಮ್ಮ ಜೊತೆ ಇರುತ್ತದೆ. ಮಾತಿನ ಸೊಗಸಿಗೆ ತಲೆದೂಗುವುದನ್ನು ತಾಳಮದ್ದಳೆಗೆ ಇಟ್ಟುಕೊಳ್ಳೋಣ.

ಕೆಲವು ವರ್ಷಗಳ ಹಿಂದೆ ಅಂಥ ಒಂದು ಸಂವಾದಕ್ಕೆ ನಾನು ಹೋಗಿದ್ದೆ. ಊರಿನ ಹೆಸರು, ಪಕ್ಷಗಳ ಹೆಸರು ಹೇಳುವುದಿಲ್ಲ. ಹೇಳಿದರೆ ಓದುವ ಅಜ್ಜಂದಿರು ಲೇಖನ ಬಿಟ್ಟು ಜಗಳ ಹಿಡಿಯುತ್ತಾರೆ. ಬೇಸಿಗೆ ರಜೆಗೆ ಬಂದಿದ್ದ ಎಂಟನೇ ತರಗತಿಯ ಮೊಮ್ಮಗಳು ನಾನೂ ಬರುತ್ತೇನೆ ಎಂದು ಹೊರಟಳು. ಅಲ್ಲಿನ ನಿಯಮ ಸರಳವಾಗಿತ್ತು. ಯಾರು ಮೊದಲು ಮಾತಾಡಬೇಕೆಂದು ಚೀಟಿ ಎತ್ತಿದರು. ಒಂದು ಪ್ರಶ್ನೆಗೆ ಮೂರು ನಿಮಿಷ, ಆಮೇಲೆ ಗಂಟೆ. ಸಭಿಕರು ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಕೊಡಬೇಕು, ಕರೆದಾಗ ಎದ್ದು ನಿಂತು ಕೇಳಬೇಕು. ಜೈಕಾರ ಕೂಗುವಂತಿಲ್ಲ.

ನಾನು ಮೂವತ್ತಕ್ಕೂ ಹೆಚ್ಚು ವರ್ಷ ಬ್ಯಾಂಕಿನ ಗುಮಾಸ್ತ. ಸಾಲ ಕೇಳಲು ಬಂದವರಿಗೆ ನಮ್ಮಲ್ಲಿ ಕೇಳುವ ಪ್ರಶ್ನೆಗಳು ನಾಲ್ಕೇ. ಯಾತಕ್ಕೆ? ತೀರಿಸುವುದು ಯಾವಾಗ? ಯಾವ ಆದಾಯದಿಂದ? ಹಳೆಯ ಸಾಲ ಏನಾಯಿತು? ಓಟು ಕೇಳುವವರೂ ಸಾಲ ಕೇಳುವವರೇ ಅಲ್ಲವೇ ಎಂದು ಮೊಮ್ಮಗಳ ನೋಟ್‌ಬುಕ್ಕಿನಲ್ಲಿ ನಾಲ್ಕು ಕಲಂ ಗೆರೆ ಎಳೆದುಕೊಟ್ಟೆ. ಏನು ಮಾಡುತ್ತಾರೆ, ಯಾವಾಗ, ಹಣ ಎಲ್ಲಿಂದ, ಹಿಂದೆ ಏನು ಮಾಡಿದ್ದಾರೆ.

ಮೊದಲ ಅರ್ಧ ಗಂಟೆಯಲ್ಲಿ ಮೊದಲನೇ ಕಲಂ ತುಂಬಿ ಹೋಯಿತು. ರಸ್ತೆ, ಆಸ್ಪತ್ರೆ, ಮೊಬೈಲ್ ಟವರು, ಅಡಿಕೆಯ ಎಲೆಚುಕ್ಕಿ ರೋಗಕ್ಕೆ ಪರಿಹಾರ, ಮಂಗನ ಕಾಯಿಲೆಗೆ ಮದ್ದು. ಉಳಿದ ಮೂರು ಕಲಂ ಖಾಲಿ. "ಅಜ್ಜ, ಯಾವಾಗ ಅಂತ ಯಾರೂ ಹೇಳ್ತಾನೇ ಇಲ್ಲ," ಎಂದಳು ಹುಡುಗಿ.

ಆಮೇಲೆ ಹಿಂದಿನ ಸಾಲಿನಿಂದ ನನ್ನಷ್ಟೇ ವಯಸ್ಸಿನವರೊಬ್ಬರು ಎದ್ದರು. ಶರಾವತಿ ಮುಳುಗಡೆಯ ಕುಟುಂಬ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ನಾಡಿಗೆಲ್ಲ ವಿದ್ಯುತ್ತು ಬಂತು, ನೂರಾರು ಹಳ್ಳಿಗಳ ಮನೆ, ಗದ್ದೆ, ತೋಟ ನೀರಿನಡಿ ಹೋಯಿತು. ಜನರನ್ನು ಕಾಡಿನ ನಡುವೆ ತಂದು ಬಿಟ್ಟರು. ಎಷ್ಟೋ ಕಡೆ ಆ ಜಾಗ ಅರಣ್ಯದ ದಾಖಲೆಯಿಂದ ಹೊರಗೆ ಬರಲೇ ಇಲ್ಲ. ಅವರು ಚೀಟಿ ನೋಡದೆ ಕೇಳಿದರು: "ನಮ್ಮಪ್ಪ ಬಿಟ್ಟು ಬಂದ ಮನೆ ನೀರಿನಡಿಗೆ ಐತೆ. ನಾನು ಈಗಿರೋ ಮನೆ ಕಾಗದದಲ್ಲಿ ಕಾಡಿನೊಳಗೆ ಐತೆ. ಹಂಗಾದ್ರೆ ನಮ್ಮನೆ ಎಲ್ಲಿ ಐತೆ ಅಂತ ನೀವೇ ಹೇಳಿ."

ಸಭೆ ತಣ್ಣಗಾಯಿತು. ಮೊದಲನೆಯವರು ತಮ್ಮ ಮೂರು ನಿಮಿಷವನ್ನೂ ಎದುರು ಪಕ್ಷದವರನ್ನು ಬೈಯುವುದರಲ್ಲಿ ಕಳೆದರು. ಎರಡನೆಯವರು, ಗೆದ್ದು ಆರು ತಿಂಗಳೊಳಗೆ ಎಲ್ಲರಿಗೂ ಹಕ್ಕುಪತ್ರ ಎಂದರು. ಜೋರು ಚಪ್ಪಾಳೆ. ಮೂರನೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು ಶಾಸಕನೊಬ್ಬನ ಸಹಿಯಿಂದ ಆಗುವ ಕೆಲಸ ಅಲ್ಲ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಪ್ರಕಾರ ಕೇಂದ್ರದ ಒಪ್ಪಿಗೆ ಬೇಕು. ಪ್ರತಿ ಊರಿನ ಸರ್ವೆ ಮಾಡಿಸಿ ಕಾಗದ ಸರಿಮಾಡಿ ಕಳಿಸುವ ತನಕದ ಕೆಲಸ ನನ್ನದು, ಅದಕ್ಕೆ ಎರಡು ವರ್ಷ ಹಿಡಿಯುತ್ತದೆ," ಎಂದರು. ಚಪ್ಪಾಳೆ ಬೀಳಲಿಲ್ಲ.

ಸಭೆ ಮುಗಿದ ಮೇಲೆ ಆ ಹಿರಿಯರನ್ನು ಮಾತಾಡಿಸಿದೆ. "ಒಬ್ರಾದ್ರೂ ಕಷ್ಟ ಐತೆ ಅಂತ ಹೇಳಿದ್ರಲ್ಲ, ಮಾರಾಯ್ರೆ," ಎಂದರು. ಓಟು ಯಾರಿಗೆ ಎಂದು ನಾನು ಕೇಳಲಿಲ್ಲ. ಅದು ಕೇಳುವ ಮಾತಲ್ಲ.

ಮೊಮ್ಮಗಳ ಪುಸ್ತಕದಲ್ಲಿ ಎರಡನೆಯವರ ಹೆಸರಿನ ಮುಂದೆ 'ಆರು ತಿಂಗಳು', ಮೂರನೆಯವರ ಮುಂದೆ 'ಎರಡು ವರ್ಷ' ಎಂದಿತ್ತು. "ಆರು ತಿಂಗಳೇ ಒಳ್ಳೇದಲ್ವಾ ಅಜ್ಜ?" ಎಂದು ಕೇಳಿದಳು. ಬ್ಯಾಂಕಿನಲ್ಲಿ ಬೇಗ ತೀರಿಸುತ್ತೇನೆ ಎಂದವರಿಗೆಲ್ಲ ಸಾಲ ಕೊಡುತ್ತಿರಲಿಲ್ಲ, ಹೇಗೆ ತೀರಿಸುತ್ತೀರಿ ಎಂದು ಕೇಳುತ್ತಿದ್ದೆವು ಎಂದೆ. ಅವಳು ಯೋಚನೆ ಮಾಡಿ ಐದನೇ ಕಲಂ ಎಳೆದಳು. ಅದಕ್ಕೆ 'ಯಾರ ಕೆಲಸ?' ಎಂದು ಹೆಸರಿಟ್ಟಳು.

ಆ ಐದನೇ ಕಲಂ ಬಹಳ ಮುಖ್ಯ, ಮಕ್ಕಳೇ. ರಾಷ್ಟ್ರೀಯ ಹೆದ್ದಾರಿ, ರೈಲು ಕೇಂದ್ರ ಸರ್ಕಾರದ್ದು. ಸರ್ಕಾರಿ ಶಾಲೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಸರ್ಕಾರಿ ಬಸ್ಸು ರಾಜ್ಯದ್ದು. ಊರಿನ ಬೀದಿ ದೀಪ, ಚರಂಡಿ ಗ್ರಾಮ ಪಂಚಾಯಿತಿಯದು. ಅರಣ್ಯ ಮತ್ತು ಶಿಕ್ಷಣ 1976ರ ತಿದ್ದುಪಡಿಯಿಂದ ಕೇಂದ್ರ, ರಾಜ್ಯ ಎರಡಕ್ಕೂ ಸೇರಿದವು. ಬೀದಿ ದೀಪದ ಪ್ರಶ್ನೆಯನ್ನು ಸಂಸದರಿಗೆ ಕೇಳಿದರೆ ಅವರು ಸುಲಭವಾಗಿ ನುಣುಚಿಕೊಳ್ಳುತ್ತಾರೆ. ಸರಿಯಾದವರಿಗೆ ಸರಿಯಾದ ಪ್ರಶ್ನೆ ಕೇಳಿದರೆ ನುಣುಚಿಕೊಳ್ಳಲು ದಾರಿಯಿರುವುದಿಲ್ಲ.

ಹಳೆಯ ಬಾಕಿಯ ಕಲಂ ಅಜ್ಜ ಅಜ್ಜಿಯರ ಪಾಲಿನದು. ನೆನಪು ನಮ್ಮ ಆಸ್ತಿ. ತುಮರಿ ಕಡೆಯವರು ಶರಾವತಿ ಹಿನ್ನೀರನ್ನು ಲಾಂಚಿನಲ್ಲಿ ದಾಟಿ ದಾಟಿ ಮುದುಕರಾದರು. ಸೇತುವೆ ಮಾಡಿಸುತ್ತೇವೆ ಎಂಬ ಮಾತು ಎಷ್ಟು ಚುನಾವಣೆಗಳಲ್ಲಿ ಕೇಳಿತ್ತು! ಅಂಬಾರಗೋಡ್ಲು–ಕಳಸವಳ್ಳಿ ನಡುವಿನ, ಎರಡು ಕಿಲೋಮೀಟರಿಗೂ ಉದ್ದದ ಸಿಗಂದೂರು ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಯಾವ ಮಾತು ಎಷ್ಟು ವರ್ಷಕ್ಕೆ ನಡೆಯಿತು ಎಂದು ಲೆಕ್ಕ ಇಟ್ಟವರಿಗೆ ಮುಂದಿನ ಭರವಸೆಯನ್ನು ತೂಗುವುದು ಸುಲಭ. ನಡೆದ ಮಾತನ್ನು ನಡೆಯಿತು ಎಂದು ಬರೆದುಕೊಳ್ಳುವುದೂ ನ್ಯಾಯವೇ. ಜಮೆ ಬರೆಯದೆ ಬರೀ ಖರ್ಚು ಬರೆದರೆ ಯಾವ ಖಾತೆಯೂ ತಾಳೆಯಾಗುವುದಿಲ್ಲ.

ಹೊಸನಗರದವರಿಗೆ ಇನ್ನೊಂದು ಕೆಲಸವಿದೆ. 2008ರಿಂದ ಹೊಸನಗರ ಎಂಬ ವಿಧಾನಸಭಾ ಕ್ಷೇತ್ರವೇ ಇಲ್ಲ. ತಾಲ್ಲೂಕಿನ ಒಂದಷ್ಟು ಭಾಗ ಸಾಗರಕ್ಕೆ, ಇನ್ನೊಂದಷ್ಟು ತೀರ್ಥಹಳ್ಳಿಗೆ ಸೇರಿದೆ. ಒಂದೇ ತಾಲ್ಲೂಕಿನ ಅಕ್ಕ ತಂಗಿಯರ ಮನೆಗೆ ಬೇರೆ ಬೇರೆ ಶಾಸಕರು. ಎರಡೂ ಕಡೆಯ ಸಂವಾದಕ್ಕೆ ಹೋಗಿ, ಒಂದೇ ಪ್ರಶ್ನೆಗೆ ಬಂದ ಉತ್ತರಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಅವಕಾಶ ಹೊಸನಗರದವರಿಗೆ ಹೆಚ್ಚು.

ಸಂವಾದಕ್ಕೆ ಹೋಗುವ ಮೊದಲು ಮನೆಯಲ್ಲೇ ಮಾಡಬಹುದಾದ ಒಂದು ಕೆಲಸವಿದೆ. ಪ್ರತಿಯೊಬ್ಬ ಅಭ್ಯರ್ಥಿಯೂ ನಾಮಪತ್ರದ ಜೊತೆ ಪ್ರಮಾಣಪತ್ರ ಕೊಡಬೇಕು. ಆಸ್ತಿ, ಸಾಲ, ಓದು, ಮೇಲಿರುವ ಕ್ರಿಮಿನಲ್ ಮೊಕದ್ದಮೆ ಎಲ್ಲವೂ ಅದರಲ್ಲಿರುತ್ತದೆ. ಚುನಾವಣಾ ಆಯೋಗದ ಜಾಲತಾಣದಲ್ಲಿ ಯಾರು ಬೇಕಾದರೂ ಓದಬಹುದು. ಮೊಬೈಲು ಒತ್ತುವುದು ಮೊಮ್ಮಕ್ಕಳಿಗೆ ಗೊತ್ತು, ಲೆಕ್ಕ ಓದುವುದು ನಮಗೆ ಗೊತ್ತು. ಜೊತೆಗೆ ಕೂತು ಓದಿ. ಮತದಾನ ಮುಗಿಯುವ ಹೊತ್ತಿಗೆ 48 ಗಂಟೆ ಮೊದಲು ಬಹಿರಂಗ ಪ್ರಚಾರ ನಿಲ್ಲುತ್ತದೆ. ಬರೆದುಕೊಂಡದ್ದನ್ನು ತೆಗೆದು ಮನೆಯವರೆಲ್ಲ ಕೂತು ಮಾತಾಡಲು ಆ ಎರಡು ದಿನ ಹೇಳಿ ಮಾಡಿಸಿದ ಹೊತ್ತು.

ನಮಗೆ ಓಟಿಲ್ಲವಲ್ಲ ಎಂದು ಮಕ್ಕಳು ಬೇಸರಪಡಬೇಡಿ. ಮೊದಲು 21 ವರ್ಷ ಆಗಬೇಕಿತ್ತು, 1989ರಿಂದ 18 ಸಾಕು. ಅಲ್ಲಿಯವರೆಗೂ ನೋಟ್‌ಬುಕ್ಕಿಗೆ ವಯಸ್ಸಿನ ಮಿತಿಯಿಲ್ಲ. ಶಾಲಾ ಸಂಸತ್ತಿನ ಚುನಾವಣೆಯಿಂದಲೇ ಶುರುಮಾಡಿ. ಕ್ರೀಡಾಮಂತ್ರಿಯಾಗಲು ನಿಂತ ಗೆಳೆಯ ಹೊಸ ವಾಲಿಬಾಲ್ ತರಿಸುತ್ತೇನೆ ಎಂದರೆ, ಯಾವಾಗ, ಯಾವ ಹಣದಿಂದ ಎಂದು ಕೇಳಿ. ಅವನು ನಿಮ್ಮ ಬೆಂಚಿನವನೇ ಆಗಿದ್ದರೂ ಕೇಳಿ. ಎದುರು ನಿಂತ ಹುಡುಗಿಗೂ ಅದೇ ಪ್ರಶ್ನೆ, ಅಷ್ಟೇ ಹೊತ್ತು ಕೊಡಿ. ಇಬ್ಬರ ಉತ್ತರವನ್ನೂ ಒಂದೇ ಕೊಳಗದಲ್ಲಿ ಅಳೆದು ನೋಡಿ.